ಪಿಗ್ಮಿ ಕಲೆಕ್ಟರನ ಕಡೆಯಿಂದ ಒಂದು ತಕರಾರು

ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಬಡವರ ಬದುಕಿನ ಬಗ್ಗೆ ಬರೆದ ‘ಪೂರ್ ಎಕನಾಮಿಕ್ಸ್’ (2011) ನನಗೆ ಇಷ್ಟವಾದ ಪುಸ್ತಕ. ಇಷ್ಟವಿಲ್ಲದ್ದರ ಮೇಲೆ ಬರೆಯುವುದು ಸುಲಭ, ಬೈದು ಕೈ ತೊಳೆದುಕೊಳ್ಳಬಹುದು. ಉಡುಪಿಯ ನಮ್ಮ ಓದುಗರ ಬಳಗಕ್ಕಾಗಿ ಇದರ ಬಗ್ಗೆ ವಿಮರ್ಶೆ ಬರೆಯಬೇಕಾದಾಗ ಇಡೀ ಪುಸ್ತಕಕ್ಕೆ ಕೈ ಹಾಕಲಿಲ್ಲ. ಆರೋಗ್ಯ, ಶಾಲೆ, ಸಾಲ ಎಲ್ಲವನ್ನೂ ಬಿಟ್ಟು ಉಳಿತಾಯದ ಅಧ್ಯಾಯವೊಂದನ್ನೇ ಹಿಡಿದೆ. ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು ಧೈರ್ಯವಾಗಿ ಬಾಯಿ ಹಾಕಬಹುದಾದ ಜಾಗ ಅದು.

ಮೊದಲು ಲೇಖಕರ ವಾದವನ್ನು ಅರ್ಧ ಪುಟದಲ್ಲಿ ಬರೆದೆ. ಬಡವರಿಗೆ ಉಳಿಸುವ ಮನಸ್ಸಿಲ್ಲ ಎಂದು ಅವರು ಹೇಳುವುದಿಲ್ಲ. ಸಣ್ಣ ಖಾತೆ ನಡೆಸುವುದು ಬ್ಯಾಂಕಿಗೆ ದುಬಾರಿ, ಕೈಗೆ ಬಂದ ಕಾಸು ಕೈಯಲ್ಲೇ ನಿಲ್ಲುವುದೂ ಕಷ್ಟ ಎನ್ನುತ್ತಾರೆ. ಪುಸ್ತಕದ ಅಭಿಮಾನಿಯಾದ ತಂಗಿಯ ಮಗಳಿಗೆ ಇದನ್ನು ಓದಲು ಕೊಟ್ಟೆ. “ಮಾವ, ನೀವು ಅವರನ್ನು ಪೆದ್ದರು ಮಾಡಿಟ್ಟಿದ್ದೀರಿ” ಅಂದಳು. ಅವಳು ತಲೆಯಾಡಿಸುವವರೆಗೂ ತಿದ್ದಿದೆ.

ಆಮೇಲೆ ಆ ಅಧ್ಯಾಯದಲ್ಲಿ ಬರುವ ಒಂದು ಪ್ರಯೋಗದ ಮೂಲ ಪ್ರಬಂಧಕ್ಕೆ ಹೋದೆ. ಪುಸ್ತಕ ಹೇಳುವ ಕತೆ ಪಶ್ಚಿಮ ಕೀನ್ಯಾದ ಮೆಕ್ಕೆಜೋಳದ ರೈತರದ್ದು. ಕೊಯ್ಲಾಗಿ ಕೈಯಲ್ಲಿ ದುಡ್ಡಿರುವಾಗಲೇ ಕಾರ್ಯಕರ್ತನೊಬ್ಬ ಮನೆಗೆ ಬಂದು, ಮುಂದಿನ ಬೆಳೆಯ ಗೊಬ್ಬರಕ್ಕೆ ಹಣ ಪಡೆದು ಚೀಟಿ ಕೊಡುತ್ತಾನೆ. ಗೊಬ್ಬರ ಮನೆಗೇ ಬರುತ್ತದೆ, ಸಾಗಣೆ ಖರ್ಚಿಲ್ಲ. ಡುಫ್ಲೊ, ಮೈಕೆಲ್ ಕ್ರೆಮರ್, ಜೊನಾಥನ್ ರಾಬಿನ್ಸನ್ ಅವರ ಪ್ರಬಂಧದ ಪ್ರಕಾರ ಈ ಸಣ್ಣ ಅನುಕೂಲದ ಫಲ, ಆಮೇಲೆ ಗೊಬ್ಬರ ಹಾಕುವ ಹೊತ್ತಿಗೆ ಅರ್ಧ ಬೆಲೆಗೆ ಕೊಟ್ಟಾಗಿನ ಫಲಕ್ಕೆ ಕಡಿಮೆಯಿಲ್ಲ. ‘ನಾಳೆ ನೋಡುವ’ ಎನ್ನುವ ಮನುಷ್ಯಸ್ವಭಾವವೇ ಇದಕ್ಕೆ ಅವರು ಕೊಡುವ ವಿವರಣೆ. ನನ್ನ ಕಣ್ಣು ಮಾತ್ರ ಮನೆಗೆ ಬಂದ ಆ ಕಾರ್ಯಕರ್ತನ ಮೇಲೆ ನಿಂತಿತು. ಅವನ ಓಡಾಟಕ್ಕೆ ಸಂಬಳ ಕೊಡುವವರು ಯಾರು? ಪ್ರಯೋಗ ನಡೆಯುವಷ್ಟು ದಿನ ಸಂಸ್ಥೆ. ಆಮೇಲೆ?

ನಮ್ಮೂರಲ್ಲಿ ಈ ಪ್ರಶ್ನೆ ಹಳೆಯದು. ಕೈಮಗ್ಗದವರಿಗೆ ಸಾಲ ಕೊಡಲೆಂದು 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲೇ ಪಿಗ್ಮಿ ಎಂಬ ದಿನದಿನದ ಸಣ್ಣ ಉಳಿತಾಯದ ಯೋಜನೆ ಶುರುಮಾಡಿತ್ತು. ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕು, ವಸೂಲಿಗೆ ಏಜೆಂಟ್, ಅಂದರೆ ಪಿಗ್ಮಿ ಕಲೆಕ್ಟರ್, ಮನೆಬಾಗಿಲಿಗೇ ಬರುತ್ತಿದ್ದ. ಅವನಿಗೆ ಸಿಗುತ್ತಿದ್ದುದು ಕಮಿಷನ್. ಈ ಕಲೆಕ್ಟರುಗಳು ಕೈಗಾರಿಕಾ ವಿವಾದ ಕಾಯ್ದೆಯಡಿ ಕಾರ್ಮಿಕರು ಹೌದೋ ಅಲ್ಲವೋ ಎನ್ನುವ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2001ರಲ್ಲಿ ‘ಹೌದು’ ಎಂಬ ತೀರ್ಪು ಬಂತು. ಬಡವರ ಉಳಿತಾಯದ ಬಗ್ಗೆ ಬರೆಯುವವರು ಆ ತೀರ್ಪನ್ನೂ ಓದಬೇಕು ಎನ್ನುವುದು ನನ್ನ ತಕರಾರಿನ ತಿರುಳು. ಉಳಿಸುವವನ ಮನೋಬಲವನ್ನು ಎಷ್ಟು ಅಳೆದರೂ, ವಸೂಲಿಗೆ ನಡೆಯುವವನ ಕಾಲಿನ ಲೆಕ್ಕ ಬೇರೆಯೇ ಇದೆ.

ರಥಬೀದಿ ಸುತ್ತಮುತ್ತ ಪಿಗ್ಮಿ ಕಟ್ಟುವ ಅಂಗಡಿಯವರನ್ನೂ ಮಾತಾಡಿಸಿದೆ. ಒಬ್ಬರು ನಕ್ಕು, “ಉಳಿಸಬೇಕು ಅಂತ ಎಂತ ಇಲ್ಲ ಮಾರಾಯ್ರೆ, ದಿನಾ ಬರುವ ಜನ, ಬರಿಗೈಯಲ್ಲಿ ಕಳಿಸುವುದು ಹೇಗೆ?” ಎಂದರು. ಈ ದಾಕ್ಷಿಣ್ಯ ಸ್ವನಿಯಂತ್ರಣವೂ ಅಲ್ಲ, ಆರ್ಥಿಕ ಲಾಭವೂ ಅಲ್ಲ. ಆದರೆ ನಾಲ್ಕು ಅಂಗಡಿಯವರ ಮಾತನ್ನು ನೂರಾರು ರೈತರ ಪ್ರಯೋಗದ ಎದುರು ಸಾಕ್ಷಿಯಾಗಿ ನಿಲ್ಲಿಸುವುದು ಅನ್ಯಾಯ. ಹಾಗಾಗಿ ‘ಲೇಖಕರು ತಪ್ಪು’ ಎಂದು ಎಲ್ಲಿಯೂ ಬರೆಯಲಿಲ್ಲ. ಅವರು ಕೇಳದೆ ಬಿಟ್ಟ ಪ್ರಶ್ನೆ ಯಾವುದೆಂದು ಬರೆದೆ. ‘ವಿದೇಶದಲ್ಲಿ ಕೂತವರಿಗೇನು ಗೊತ್ತು’ ಎನ್ನುವ ಧಾಟಿಯ ವಾಕ್ಯಗಳನ್ನೆಲ್ಲ ಹೊಡೆದುಹಾಕಿದೆ. ಚಪ್ಪಾಳೆ ಬೀಳುವುದು ಅಂಥವಕ್ಕೇ, ಆ ಮಾತು ಬೇರೆ.

ಕೊನೆಯ ಕರಡನ್ನೂ ತಂಗಿಯ ಮಗಳಿಗೇ ಕೊಟ್ಟೆ. “ಕಲೆಕ್ಟರನ ಕೂಲಿ ಆ ಅಧ್ಯಾಯದ ವಿಷಯವೇ ಅಲ್ಲವಲ್ಲ ಮಾವ” ಎಂದಳು. ಅವಳ ಆಕ್ಷೇಪವನ್ನು ಲೇಖನದೊಳಗೇ ಇಟ್ಟು ಕೆಳಗೆ ನನ್ನ ಉತ್ತರ ಬರೆದೆ: ಸಣ್ಣ ಖಾತೆ ಬ್ಯಾಂಕಿಗೆ ದುಬಾರಿ ಎಂದು ಅವರೇ ಹೇಳಿದ ಮೇಲೆ, ಆ ಖರ್ಚಿನಲ್ಲಿ ಇವನ ಪಾಲೆಷ್ಟು ಎಂದು ಕೇಳುವುದು ವಿಷಯಾಂತರವಲ್ಲ. ಅವಳಿನ್ನೂ ಒಪ್ಪಿಲ್ಲ.