ಬೇಟೆಯ ಚಾಕು, ಬಾಣದ ಅಲಗು: ಸಾಣೆ ಹಿಡಿಯುವುದು ಹೇಗೆ?

ಬಂದೂಕಿನ ಗುಂಡು ಪ್ರಾಣಿಯನ್ನು ಕೆಡಹುವ ಬಗೆ ಬೇರೆ, ಬಾಣ ಕೆಡಹುವ ಬಗೆ ಬೇರೆ. ಗುಂಡಿನಲ್ಲಿ ವೇಗ ಮತ್ತು ಆಘಾತ ಕೆಲಸ ಮಾಡುತ್ತವೆ. ಬಿಲ್ಲುಬೇಟೆಗಾರರು ಬಾಣದ ತುದಿಗೆ ಹಾಕುವ ಅಲಗಿನ ಮೊನೆ, ಅಂದರೆ ಬ್ರಾಡ್‌ಹೆಡ್, ರಕ್ತನಾಳಗಳನ್ನು ಕೊಯ್ದು ರಕ್ತ ವೇಗವಾಗಿ ಹರಿದುಹೋಗುವಂತೆ ಮಾಡಿಯೇ ಪ್ರಾಣಿಯನ್ನು ಕೊಲ್ಲುತ್ತದೆ. ಅಲಗು ಮೊಂಡಾಗಿದ್ದರೆ ಮೆತ್ತಗಿನ, ಜಾರುವ ರಕ್ತನಾಳ ಕೊಯ್ಯಿಸಿಕೊಳ್ಳದೆ ಪಕ್ಕಕ್ಕೆ ಸರಿಯುತ್ತದೆ. ಹರಿದು ಹಿಂಜಿದ ಗಾಯದಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಪ್ರಾಣಿ ಗಾಯ ಹೊತ್ತು ದೂರ ಓಡಿ, ಯಾರ ಕೈಗೂ ಸಿಗದೆ ನರಳುತ್ತದೆ. ಆದ್ದರಿಂದ ಕಾನೂನು ಬಿಲ್ಲುಬೇಟೆಗೆ ಅವಕಾಶ ಕೊಟ್ಟಿರುವ ಕಡೆಗಳಲ್ಲಿ, ಕಾಡಿಗೆ ಹೊರಡುವ ಮುನ್ನ ಅಲಗನ್ನು ಮಸೆಯುವುದು ಬೇಟೆಗಾರನ ಮೊದಲ ಕರ್ತವ್ಯವೆಂದೇ ನಾನು ತಿಳಿದಿದ್ದೇನೆ. ಆಮೇಲೆ ಚರ್ಮ ಸುಲಿಯುವ, ಮಾಂಸ ಬಿಡಿಸುವ ಚಾಕುವಿಗೂ ಅಷ್ಟೇ ಆರೈಕೆ ಬೇಕು, ಏಕೆಂದರೆ ಮೊಂಡು ಚಾಕುವಿಗೆ ಬಲ ಹಾಕಬೇಕಾಗುತ್ತದೆ, ಬಲ ಹಾಕಿದ ಚಾಕು ಜಾರಿದರೆ ಕೊಯ್ಯುವುದು ಹಿಡಿದವರ ಕೈಯನ್ನೇ.

ಬರಿಗೈಯಲ್ಲಿ ಕಲ್ಲಿನ ಮೇಲೆ ಮಸೆಯುವ ಕಲೆ ವರ್ಷಗಳ ಅಭ್ಯಾಸದಿಂದ ಬರುತ್ತದೆ. ಅದರ ಕಷ್ಟ ಎಲ್ಲಿದೆ ಎಂಬುದನ್ನು ಒಂದು ಲೆಕ್ಕದಿಂದ ನೋಡಬಹುದು. 25 ಮಿಲಿಮೀಟರ್ ಅಗಲದ ಅಲಗನ್ನು ಕಲ್ಲಿಗೆ 20 ಡಿಗ್ರಿ ಕೋನದಲ್ಲಿ ಹಿಡಿಯಬೇಕಾದರೆ ಅದರ ಬೆನ್ನು ಕಲ್ಲಿನಿಂದ ಸುಮಾರು 8.5 ಮಿಲಿಮೀಟರ್ ಮೇಲಿರಬೇಕು. ಬೆನ್ನು ಇನ್ನು ಕೇವಲ 2 ಮಿಲಿಮೀಟರ್ ಮೇಲೆದ್ದರೆ ಕೋನ 25 ಡಿಗ್ರಿಗೆ ಏರಿಬಿಡುತ್ತದೆ. ನೂರಾರು ಬಾರಿ ಕೈಯಾಡಿಸುವಾಗ ಪ್ರತಿ ಸಲವೂ ಆ ಎತ್ತರವನ್ನು ಕಾಯ್ದುಕೊಳ್ಳುವುದು ಹೊಸಬರಿಂದ ಆಗದು. ಕೋನ ಹಿಡಿಯುವ ಸಾಣೆ ಉಪಕರಣ ಈ ಒಂದು ಹೊಣೆಯನ್ನು ನಮ್ಮ ಕೈಯಿಂದ ತೆಗೆದುಕೊಳ್ಳುತ್ತದೆ. ಉಳಿದ ಹೊಣೆಗಳು ನಮ್ಮಲ್ಲೇ ಇರುತ್ತವೆ, ಮತ್ತು ಉಪಕರಣ ಕೊಂಡವರು ಸೋಲುವುದು ಬಹುತೇಕ ಅಲ್ಲಿಯೇ.

ಉಪಕರಣ ಮತ್ತು ಕಲ್ಲು

ಇಂಥ ಉಪಕರಣಗಳಲ್ಲಿ ಮೂರು ಬಗೆ ಹೆಚ್ಚು ಬಳಕೆಯಲ್ಲಿವೆ. ಮೊದಲನೆಯದರಲ್ಲಿ ಅಲಗನ್ನು ಕ್ಲ್ಯಾಂಪ್ ಕಚ್ಚಿ ಹಿಡಿಯುತ್ತದೆ, ಸಣ್ಣ ಕಲ್ಲು ಒಂದು ಸರಳಿನ ತುದಿಯಲ್ಲಿ ಕುಳಿತು, ನಿಗದಿಯಾದ ಎತ್ತರದ ರಂಧ್ರದ ಮೂಲಕ ಹಿಂದೆ ಮುಂದೆ ಓಡಾಡುತ್ತದೆ. ಎರಡನೆಯದು ಜೇಬಿನಲ್ಲಿ ಹಿಡಿಸುವಂಥದ್ದು. ವಜ್ರದ ಪುಡಿ ಕೂರಿಸಿದ ಪಟ್ಟಿಯ ತುದಿಯಲ್ಲಿ ಇಳಿಜಾರಾದ ಒಂದು ಆಸರೆ ಇರುತ್ತದೆ, ಅಲಗನ್ನು ಅದರ ಮೇಲೆ ಒರಗಿಸಿ ಕೋನವನ್ನು ಗುರುತು ಹಾಕಿಕೊಂಡು ಎಳೆಯಬೇಕು. ಮೂರನೆಯದು ಬ್ರಾಡ್‌ಹೆಡ್‌ಗೆಂದೇ ಮಾಡಿದ ಗಾಲಿಯ ಜಿಗ್. ಮೊನೆಯನ್ನು ಅದರಲ್ಲಿ ಬಿಗಿದು, ಕಲ್ಲಿನ ಮೇಲೆ ಗಾಲಿ ಉರುಳಿಸುತ್ತಾ ಹೋದರೆ ಕೋನ ಬದಲಾಗುವುದಿಲ್ಲ. ಇಂಗ್ಲಿಷಿನ ‘ವಿ’ ಆಕಾರದ ಸಂದಿಯಲ್ಲಿ ಚಾಕುವನ್ನು ಎಳೆದು ತೆಗೆಯುವ ಅಗ್ಗದ ಸಾಧನಗಳನ್ನು ನಾನು ಈ ಸಾಲಿಗೆ ಸೇರಿಸುವುದಿಲ್ಲ. ಅವು ಲೋಹವನ್ನು ಮಸೆಯುವುದಕ್ಕಿಂತ ಹೆಚ್ಚಾಗಿ ಕೆರೆದು ಕೀಳುತ್ತವೆ.

ಕಲ್ಲಿನ ಒರಟುತನವನ್ನು ಗ್ರಿಟ್ ಸಂಖ್ಯೆಯಲ್ಲಿ ಹೇಳುತ್ತಾರೆ. ಸಂಖ್ಯೆ ಹೆಚ್ಚಿದಷ್ಟೂ ಕಣ ನುಣುಪು. ವಜ್ರದ ಪಟ್ಟಿಗಳಲ್ಲಿ 325 ಎಂದರೆ ಸುಮಾರು 45 ಮೈಕ್ರಾನ್ ಗಾತ್ರದ ಕಣ, 600 ಎಂದರೆ ಸುಮಾರು 25, 1200 ಎಂದರೆ ಸುಮಾರು 9. ಸಾಧಾರಣ ಕೆಲಸಕ್ಕೆ ಈ ಮೂರು ಮೆಟ್ಟಿಲು, ಕೊನೆಗೊಂದು ತೊಗಲಿನ ಪಟ್ಟಿ ಇದ್ದರೆ ಸಾಕು. ವನೇಡಿಯಂ ಹೆಚ್ಚಿರುವ ಇಂದಿನ ಕೆಲವು ಉಕ್ಕುಗಳಲ್ಲಿ ವನೇಡಿಯಂ ಕಾರ್ಬೈಡ್ ಕಣಗಳಿರುತ್ತವೆ. ಅವು ಮಾಮೂಲಿ ಕಲ್ಲಿನಲ್ಲಿರುವ ಅಲ್ಯುಮಿನಿಯಂ ಆಕ್ಸೈಡ್‌ಗಿಂತ ಗಟ್ಟಿ. ಅಂಥ ಚಾಕುವಿಗೆ ವಜ್ರದ ಪಟ್ಟಿಯೇ ಬೇಕು. ಸರಳಿನ ಉಪಕರಣ ಬಳಸುವವರು ಇನ್ನೊಂದನ್ನು ಗಮನಿಸಬೇಕು: ಒಂದು ಕಲ್ಲಿನಿಂದ ಇನ್ನೊಂದಕ್ಕೆ ದಪ್ಪ ಬದಲಾದರೆ ಕೋನವೂ ಸ್ವಲ್ಪ ಬದಲಾಗುತ್ತದೆ, ಹಾಗಾಗಿ ಕಲ್ಲುಗಳೆಲ್ಲ ಒಂದೇ ದಪ್ಪದವಾಗಿರುವುದು ಒಳ್ಳೆಯದು.

ಕೋನ ಎಷ್ಟಿರಬೇಕು?

ಇಲ್ಲಿ ಹೇಳುವ ಕೋನಗಳೆಲ್ಲ ಅಲಗಿನ ಒಂದು ಬದಿಯವು. ಚರ್ಮ ಸುಲಿಯುವ ತೆಳು ಚಾಕುವಿಗೆ 17ರಿಂದ 20 ಡಿಗ್ರಿ ಸಾಕು. ಕೀಲು ಬಿಡಿಸುವ, ಎಲುಬಿಗೆ ತಾಗುವ ಚಾಕುವಿಗೆ 20ರಿಂದ 25 ಬೇಕು, ಇಲ್ಲವಾದರೆ ಬಾಯಿ ಹಲ್ಲು ಹಲ್ಲಾಗಿ ಮುರಿಯುತ್ತದೆ. ಬ್ರಾಡ್‌ಹೆಡ್ ಒಂದೇ ಕ್ಷಣದಲ್ಲಿ ಚರ್ಮ, ಕೂದಲು, ಕೆಲವೊಮ್ಮೆ ಪಕ್ಕೆಲುಬನ್ನೂ ದಾಟಬೇಕಾದ್ದರಿಂದ ಅದಕ್ಕೆ ಇನ್ನಷ್ಟು ಗಟ್ಟಿಯಾದ ಬಾಯಿ ಬೇಕಾಗುತ್ತದೆ. 25ರಿಂದ 30 ಡಿಗ್ರಿಯವರೆಗೆ ಹೋದರೂ ತಪ್ಪಿಲ್ಲ. ತಯಾರಕರು ಕೊಟ್ಟ ಕೋನ ತೃಪ್ತಿಕರವಾಗಿದ್ದರೆ ಅದನ್ನೇ ಮುಂದುವರಿಸುವುದು ಜಾಣತನ. ಹೊಸ ಕೋನ ಕಟ್ಟುವುದೆಂದರೆ ತುಂಬ ಲೋಹವನ್ನು ಸವೆಸುವುದು.

ಚಾಕುವಿನಿಂದ ಆರಂಭ

ಚಾಕುವನ್ನು ಸೋಪಿನಿಂದ ತೊಳೆದು ಒರೆಸಿ, ಬಾಯಿ ಮೇಲಾಗಿ ಹಿಡಿದು ದೀಪದ ಕೆಳಗೆ ನೋಡಿ. ಮೊಂಡಾದ ಕಡೆ ಬಾಯಿಯ ಮೇಲೆ ಬೆಳಕಿನ ಸಣ್ಣ ಗೆರೆ ಮಿನುಗುತ್ತದೆ. ಹರಿತವಾದ ಬಾಯಿಗೆ ಬೆಳಕು ಕೂರುವಷ್ಟು ಅಗಲವೇ ಇರುವುದಿಲ್ಲ, ಅದು ಕಪ್ಪಾಗಿ ಕಾಣುತ್ತದೆ. ಮಿನುಗುವ ಜಾಗಗಳನ್ನು ನೆನಪಿಟ್ಟುಕೊಳ್ಳಿ, ಕೆಲಸ ಇರುವುದು ಅಲ್ಲಿಯೇ.

ಬೆನ್ನು ಕ್ಲ್ಯಾಂಪಿನೊಳಗೆ ನೇರವಾಗಿ ಕೂರಬೇಕು, ಅಲುಗಾಡಬಾರದು. ಕ್ಲ್ಯಾಂಪನ್ನು ಅಲಗಿನ ಯಾವ ಜಾಗಕ್ಕೆ ಹಾಕಬೇಕು ಎಂಬುದು ಹೆಚ್ಚಿನ ಕೈಪಿಡಿಗಳು ಒಂದೇ ಸಾಲಿನಲ್ಲಿ ದಾಟಿಬಿಡುವ, ಆದರೆ ಫಲಿತಾಂಶವನ್ನು ನಿರ್ಧರಿಸುವ ವಿಷಯ. ಅಲಗಿನ ನೇರವಾದ ಭಾಗದುದ್ದಕ್ಕೂ ಸರಳಿನ ಉಪಕರಣ ಒಂದೇ ಕೋನವನ್ನು ಕೊಡುತ್ತದೆ. ಮೊನೆಯ ಕಡೆಗೆ ಬಾಯಿ ಬಾಗತೊಡಗಿದ ಮೇಲೆ ಲೆಕ್ಕ ಬದಲಾಗುತ್ತದೆ. ಕ್ಲ್ಯಾಂಪ್ ಹಿಡಿಯ ಕಡೆಗೆ ತೀರ ಹಿಂದಿದ್ದರೆ ಮೊನೆಯ ಹತ್ತಿರ ಕೋನ ಕಿರಿದಾಗುತ್ತದೆ, ಮೊನೆಗೆ ತೀರ ಸಮೀಪವಿದ್ದರೆ ಅಲ್ಲಿ ಕೋನ ಹಿರಿದಾಗುತ್ತದೆ. ಇವೆರಡರ ನಡುವೆ, ಬಾಗು ಶುರುವಾಗುವ ಜಾಗಕ್ಕಿಂತ ತುಸು ಹಿಂದೆ, ಸಮನಾದ ಕೋನ ಸಿಗುವ ಒಂದು ತಾಣವಿರುತ್ತದೆ. ಅದು ಸಿಕ್ಕಿದ ಮೇಲೆ ಅಲಗಿನ ಬೆನ್ನಿಗೆ ಒಂದು ಚೂರು ಟೇಪು ಅಂಟಿಸಿ ಗುರುತು ಮಾಡಿಕೊಂಡರೆ ಮುಂದಿನ ಸಲ ಹುಡುಕಬೇಕಾಗಿಲ್ಲ.

ಆ ತಾಣವನ್ನು ಹುಡುಕಲು ಮಾರ್ಕರ್ ಪೆನ್ನಿಗಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. ಬಾಯಿಯ ಇಳಿಜಾರಿಗೆ ಎರಡೂ ಬದಿಯಲ್ಲಿ ಕಪ್ಪು ಶಾಯಿ ಬಳಿದು, ನುಣುಪಾದ ಕಲ್ಲಿನಿಂದ ಎರಡು ಮೂರು ಸಲ ಹಗುರವಾಗಿ ಎಳೆದು ನೋಡಬೇಕು. ಶಾಯಿ ಮೇಲಿನಿಂದ ಕೆಳಗಿನವರೆಗೆ ಸಮನಾಗಿ ಹೋದರೆ ಕೋನ ಸರಿಯಾಗಿದೆ. ಬಾಯಿಯ ಅಂಚಿನಲ್ಲೇ ಕಪ್ಪು ಗೆರೆ ಉಳಿದರೆ ಕೋನ ಕಡಿಮೆಯಾಗಿದೆ, ಕಲ್ಲು ಬಾಯಿಯನ್ನು ಮುಟ್ಟುತ್ತಿಲ್ಲ. ಅಂಚಿನಲ್ಲಿ ಮಾತ್ರ ಶಾಯಿ ಹೋಗಿ ಮೇಲೆ ಉಳಿದರೆ ಕೋನ ಹೆಚ್ಚಾಗಿದೆ. ನಾನು ಕಲಿಯುವ ಕಾಲದಲ್ಲಿ ಒಂದು ಚಾಕುವಿನ ಮೇಲೆ ಸತತ ಮೂರು ಸಂಜೆ ಕಳೆದೆ. ನಡುಭಾಗ ಕಾಗದವನ್ನು ಸೀಳುತ್ತಿತ್ತು, ಮೊನೆಯ ಹತ್ತಿರದ ಎರಡು ಬೆರಳಗಲ ಮಾತ್ರ ಕಾಗದವನ್ನು ಕಚ್ಚಿ ಹರಿಯುತ್ತಿತ್ತು. ಕಲ್ಲಿನ ದೋಷವೆಂದುಕೊಂಡಿದ್ದೆ. ನಾಲ್ಕನೆಯ ದಿನ ಶಾಯಿ ಬಳಿದು ನೋಡಿದರೆ, ಅಷ್ಟು ದಿನ ಮಸೆದರೂ ಆ ಎರಡು ಬೆರಳಗಲದಲ್ಲಿ ಕಲ್ಲು ಬಾಯಿಯನ್ನು ಒಮ್ಮೆಯೂ ತಲುಪಿರಲಿಲ್ಲ. ಕ್ಲ್ಯಾಂಪನ್ನು ಒಂದಿಷ್ಟು ಮುಂದಕ್ಕೆ ಸರಿಸಿದ ಮೇಲೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು.

ಈಗ ಒರಟು ಕಲ್ಲು. ಅದರ ಭಾರಕ್ಕೆ ಕೈಯ ಭಾರವನ್ನಷ್ಟೇ ಸೇರಿಸಿ, ಹಿಡಿಯ ಬುಡದಿಂದ ಮೊನೆಯವರೆಗೆ ಒಂದೇ ಬದಿಯಲ್ಲಿ ಎಳೆಯುತ್ತಾ ಹೋಗಿ. ಒತ್ತಿ ಉಜ್ಜಿದರೆ ಕೆಲಸ ಬೇಗವಾಗುತ್ತದೆ ಎಂಬುದು ತಪ್ಪು ಕಲ್ಪನೆ. ಅಲಗು ಬಾಗಿ ಕೋನ ಕೆಡುತ್ತದೆ, ವಜ್ರದ ಕಣಗಳೂ ಪಟ್ಟಿಯಿಂದ ಕಿತ್ತು ಬರುತ್ತವೆ. ಮೊನೆಗೆ ಬಂದಾಗ ಕಲ್ಲು ಜಾರಿ ಆಚೆಗೆ ಬೀಳದಂತೆ, ಅರ್ಧ ಕಲ್ಲು ಅಲಗಿನ ಮೇಲಿರುವಾಗಲೇ ನಿಲ್ಲಿಸಿ. ಇಲ್ಲದಿದ್ದರೆ ಮೊನೆ ಉರುಟಾಗುತ್ತದೆ.

ಎಷ್ಟು ಸಲ ಎಳೆಯಬೇಕು ಎಂದು ಎಲ್ಲರೂ ಕೇಳುತ್ತಾರೆ. ಎಣಿಕೆಯಲ್ಲಿ ಉತ್ತರವಿಲ್ಲ, ಉತ್ತರ ಇರುವುದು ‘ಬರ್’ ಎಂದು ಕರೆಯುವ ಲೋಹದ ಸಣ್ಣ ಮಡಿಕೆಯಲ್ಲಿ. ಒಂದು ಬದಿಯ ಇಳಿಜಾರು ಸವೆದು ನಿಜವಾಗಿಯೂ ಬಾಯಿಯವರೆಗೆ ತಲುಪಿದಾಗ, ಅಲ್ಲಿ ತೆಳುವಾದ ಲೋಹ ನಿಲ್ಲಲಾರದೆ ಎದುರು ಬದಿಗೆ ಮಡಚಿಕೊಳ್ಳುತ್ತದೆ. ಬೆರಳ ತುದಿಯನ್ನು ಎದುರು ಬದಿಯಲ್ಲಿ ಬೆನ್ನಿನಿಂದ ಬಾಯಿಯ ಕಡೆಗೆ, ಬಾಯಿಯಾಚೆಗೆ ಜಾರಿಸಿದರೆ (ಬಾಯಿಯುದ್ದಕ್ಕೂ ಬೆರಳನ್ನು ಎಂದೂ ಎಳೆಯಬಾರದು) ಉಗುರಿನ ಒರಟು ಅಂಚಿನಂಥದ್ದು ತಡೆಯುತ್ತದೆ. ಅಲಗಿನ ಬುಡದಿಂದ ಮೊನೆಯವರೆಗೆ, ಎಲ್ಲಿಯೂ ಬಿಡುವಿಲ್ಲದೆ ಅದು ಸಿಗಬೇಕು. ಎಲ್ಲಿ ಸಿಗುವುದಿಲ್ಲವೋ ಅಲ್ಲಿ ಕೆಲಸ ಬಾಕಿಯಿದೆ. ಅದು ಸಿಗುವ ಮೊದಲೇ ನುಣುಪು ಕಲ್ಲಿಗೆ ಹೋಗುವವರು ಮೊಂಡು ಬಾಯಿಗೆ ಹೊಳಪು ಕೊಡುತ್ತಾರೆ, ಅಷ್ಟೇ.

ಬರ್ ಪೂರ್ತಿ ಬಂದ ಮೇಲೆ ಅಲಗನ್ನು ತಿರುಗಿಸಿ, ಇನ್ನೊಂದು ಬದಿಯಲ್ಲೂ ಅದೇ ಕೆಲಸ ಮಾಡಿ, ಮಡಿಕೆ ಮೊದಲ ಬದಿಗೆ ದಾಟುವವರೆಗೆ ಮುಂದುವರಿಸಿ. ಆಮೇಲೆ 600ರ ಪಟ್ಟಿ, ಬಳಿಕ 1200. ಈ ಹಂತಗಳಲ್ಲಿ ಲೋಹ ಸವೆಸುವುದಕ್ಕಿಂತ ಹಿಂದಿನ ಕಲ್ಲಿನ ಗೀರುಗಳನ್ನು ಅಳಿಸುವುದು, ಬರ್ ಅನ್ನು ಕಿರಿದು ಮಾಡುವುದು ಮುಖ್ಯ. ಬದಿಗೆ ಹತ್ತು, ಐದು, ಮೂರು, ಕೊನೆಗೆ ಒಂದೊಂದು ಎಂದು ಎಳೆತಗಳನ್ನು ಇಳಿಸುತ್ತಾ, ಒತ್ತಡವನ್ನೂ ಹಾಗೆಯೇ ಇಳಿಸುತ್ತಾ ಬನ್ನಿ. ಕೊನೆಯಲ್ಲಿ ಹೊಳಪಿನ ಲೇಪ ಹಚ್ಚಿದ ತೊಗಲಿನ ಪಟ್ಟಿಯ ಮೇಲೆ, ಬೆನ್ನು ಮುಂದಾಗಿ ಬಾಯಿ ಹಿಂದಾಗಿ, ಬದಿಗೆ ಹತ್ತು ಹನ್ನೆರಡು ಬಾರಿ ಎಳೆದರೆ ಉಳಿದ ಬರ್ ಉದುರುತ್ತದೆ. ತೊಗಲು ಮೆತ್ತಗಿರುವುದರಿಂದ, ಎಳೆತದ ಕೊನೆಯಲ್ಲಿ ಬೆನ್ನನ್ನು ಮೇಲೆತ್ತಿದರೆ ಅಥವಾ ಒತ್ತಿದರೆ ಅದು ಬಾಯಿಯನ್ನು ಸುತ್ತುವರಿದು ಮತ್ತೆ ಮೊಂಡು ಮಾಡುತ್ತದೆ.

ಬಾಣದ ಮೊನೆಗೆ ಬಂದರೆ

ಮೊದಲ ಮಾತು ಸುರಕ್ಷತೆಯದು. ಬ್ರಾಡ್‌ಹೆಡ್‌ಗೆ ಹಿಡಿಯೇ ಇಲ್ಲ, ಬಾಯಿ ಮಾತ್ರ ಎರಡು, ಮೂರು, ನಾಲ್ಕು ಕಡೆ. ಅದನ್ನು ಬರಿಬೆರಳಲ್ಲಿ ತಿರುಗಿಸಬಾರದು. ಅದಕ್ಕೆಂದೇ ಇರುವ ಚಿಕ್ಕ ವ್ರೆಂಚಿನಿಂದ ಬಿಚ್ಚಿ, ಬಾಣದ ಕೋಲಿನ ಒಂದು ಗೇಣು ತುಂಡಿಗೆ ತಿರುಪಿ ಹಿಡಿ ಮಾಡಿಕೊಳ್ಳಬೇಕು. ಕೊಯ್ತ ತಡೆಯುವ ಕೈಗವಸು ಎಡಗೈಯಲ್ಲಿರಲಿ. ತೆಳುವಾದ, ಬದಲಿಸಬಹುದಾದ ಬ್ಲೇಡುಗಳಿರುವ ಮೊನೆಯಾದರೆ ಮಸೆಯುವ ಶ್ರಮ ಬೇಡ, ಹೊಸ ಬ್ಲೇಡು ಹಾಕುವುದೇ ಸರಿ.

ಎರಡು ಅಲಗಿನ ಮೊನೆ ಚಾಕುವಿನಂತೆಯೇ. ಅಡ್ಡಕ್ಕೆ ಸಣ್ಣ ಬ್ಲೇಡು ಸೇರಿಸಿದ್ದರೆ ಮೊದಲು ತೆಗೆದಿಟ್ಟು, ನಾಲ್ಕು ಇಳಿಜಾರುಗಳಿಗೂ ಒಂದೊಂದಾಗಿ ಬರ್ ತರಬೇಕು. ಒಂದೇ ಬದಿಗೆ ಇಳಿಜಾರಿರುವ ಮೊನೆಗಳೂ ಇವೆ; ಗಾಳಿಯಲ್ಲಿ ಗರಿ ಬಾಣವನ್ನು ಯಾವ ಕಡೆಗೆ ತಿರುಗಿಸುತ್ತದೋ ಅದೇ ಕಡೆಗೆ ಅಲಗೂ ಮಾಂಸದೊಳಗೆ ತಿರುಗುವಂತೆ ಅವನ್ನು ರೂಪಿಸಿರುತ್ತಾರೆ. ಅವುಗಳ ಚಪ್ಪಟೆ ಬದಿಯನ್ನು ಮಸೆಯುವಂತಿಲ್ಲ. ಇಳಿಜಾರಿನ ಕಡೆಯಿಂದಷ್ಟೇ ಬರ್ ತಂದು, ಚಪ್ಪಟೆ ಬದಿಯನ್ನು ನುಣುಪು ಕಲ್ಲಿನ ಮೇಲೆ ಪೂರ್ತಿ ಮಲಗಿಸಿ ಎರಡು ಮೂರು ಸಲ ಎಳೆದು ಬರ್ ತೆಗೆಯಬೇಕು.

ಮೂರು ಅಲಗಿನ, ಒಂದೇ ಲೋಹದ ತುಂಡಿನಿಂದ ಮಾಡಿದ ಮೊನೆಯನ್ನು ಮಸೆಯುವುದು ಎಲ್ಲಕ್ಕಿಂತ ಸುಲಭ, ಮತ್ತು ಅದರ ರೇಖಾಗಣಿತ ನನಗೆ ಬಹಳ ಇಷ್ಟ. ಅಲಗುಗಳು ಒಂದಕ್ಕೊಂದು 120 ಡಿಗ್ರಿ ದೂರದಲ್ಲಿರುವುದರಿಂದ, ಯಾವುದೇ ಎರಡು ಅಲಗುಗಳನ್ನು ಚಪ್ಪಟೆ ಕಲ್ಲಿನ ಮೇಲೆ ಒಟ್ಟಿಗೆ ಮಲಗಿಸಿದರೆ ಪ್ರತಿಯೊಂದೂ ಕಲ್ಲಿಗೆ ತಾನಾಗಿಯೇ 30 ಡಿಗ್ರಿಯಲ್ಲಿ ನಿಲ್ಲುತ್ತದೆ. ಬೇರೆ ಜಿಗ್ ಬೇಕಿಲ್ಲ. ಉದ್ದಕ್ಕೆ ಹಿಂದೆ ಮುಂದೆ ಉಜ್ಜಿ, ಹತ್ತಕ್ಕೊಮ್ಮೆ ಮುಂದಿನ ಜೋಡಿಗೆ ತಿರುಗಿಸುತ್ತಾ ಹೋದರೆ ಮೂರು ನಿಲುವುಗಳಲ್ಲಿ ಆರು ಇಳಿಜಾರುಗಳೂ ಸಮನಾಗಿ ಸವೆಯುತ್ತವೆ. ಕೊನೆಕೊನೆಗೆ ಐದು, ಎರಡು, ಒಂದು ಎಂದು ಇಳಿಸಿ, ಹಿಂದಕ್ಕೆ ಎಳೆಯುವುದನ್ನಷ್ಟೇ ಮಾಡಿ. ಸಮ ಅಂತರದ ನಾಲ್ಕು ಅಲಗಿನ ಮೊನೆಗೆ ಈ ಉಪಾಯ ನಡೆಯದು, ಅಲ್ಲಿ ಕೋನ 45 ಡಿಗ್ರಿಯಾಗಿಬಿಡುತ್ತದೆ.

ಎಲ್ಲ ಅಲಗುಗಳಿಗೂ ಎಳೆತ ಸಮನಾಗಿರಬೇಕೆಂಬುದಕ್ಕೆ ಇನ್ನೊಂದು ಕಾರಣವಿದೆ. ಇಂಥ ಮೊನೆಗಳ ತೂಕವನ್ನು ಗ್ರೇನ್ ಲೆಕ್ಕದಲ್ಲಿ ಹೇಳುತ್ತಾರೆ. 100 ಗ್ರೇನ್ ಎಂದರೆ ಸುಮಾರು ಆರೂವರೆ ಗ್ರಾಂ ಮಾತ್ರ. ಇಷ್ಟು ಹಗುರವಾದ ವಸ್ತುವಿನ ಒಂದು ಮಗ್ಗುಲು ಹೆಚ್ಚು ಸವೆದರೆ ಬಾಣದ ಹಾರಾಟ ಕೆಡಬಹುದು. ಮಸೆದ ಮೇಲೆ ಮೊನೆಯನ್ನು ಬಾಣಕ್ಕೆ ಹಾಕಿ, ಗಟ್ಟಿ ಹಲಗೆಯ ಮೇಲೆ ತುದಿ ಊರಿ ಬುಗುರಿಯಂತೆ ತಿರುಗಿಸಿ ನೋಡಿ. ತೂಗಾಡಿದರೆ ಮೊನೆ ನೇರವಾಗಿ ಕುಳಿತಿಲ್ಲ, ಅಥವಾ ಬಾಗಿದೆ.

ಪರೀಕ್ಷೆ ಮತ್ತು ಜೋಪಾಸನೆ

ಚಾಕುವಿಗೆ ಪತ್ರಿಕೆಯ ಹಾಳೆ ಸಾಕು. ಬುಡದಿಂದ ಮೊನೆಯವರೆಗೆ ಎಲ್ಲಿಯೂ ತಡೆಯದೆ ಸೀಳಬೇಕು. ತಡೆದ ಜಾಗದಲ್ಲಿ ಬರ್ ಉಳಿದಿರುತ್ತದೆ, ತೊಗಲಿನ ಪಟ್ಟಿಗೆ ಮರಳಬೇಕು. ಬ್ರಾಡ್‌ಹೆಡ್‌ಗೆ ರಬ್ಬರ್ ಬ್ಯಾಂಡಿನ ಪರೀಕ್ಷೆ ಹೆಚ್ಚು ಅರ್ಥಪೂರ್ಣ, ಏಕೆಂದರೆ ಬ್ಯಾಂಡು ರಕ್ತನಾಳದಂತೆಯೇ ಬಾಗಿ ತಪ್ಪಿಸಿಕೊಳ್ಳಲು ನೋಡುತ್ತದೆ. ಒಂದು ಡಬ್ಬಿಯ ತೆರೆದ ಬಾಯಿಗೆ ಅಡ್ಡಲಾಗಿ ಮೂರು ನಾಲ್ಕು ಬ್ಯಾಂಡುಗಳನ್ನು ಬಿಗಿದು, ಮೊನೆಯನ್ನು ಮೆಲ್ಲಗೆ ಅವುಗಳ ನಡುವೆ ಇಳಿಸಿದಾಗ, ತಾಗಿದ ಕೂಡಲೇ ಬ್ಯಾಂಡುಗಳು ಕತ್ತರಿಸಿಹೋಗಬೇಕು. ಅಲಗು ಅವನ್ನು ತಳ್ಳಿಕೊಂಡು ಹೋದರೆ ಕೆಲಸ ಮುಗಿದಿಲ್ಲ. ಮುಂಗೈಯ ಕೂದಲು ಬೋಳಿಸಿ ಪರೀಕ್ಷಿಸುವ ಚಾಳಿ ಬ್ರಾಡ್‌ಹೆಡ್‌ನ ವಿಷಯದಲ್ಲಿ ಬೇಡವೇ ಬೇಡ.

ಮಸೆದ ಅಲಗಿನ ಮೇಲೆ ಲೋಹದ ಪುಡಿ, ಹೊಳಪಿನ ಲೇಪ ಉಳಿದಿರುತ್ತವೆ, ಮಾಂಸಕ್ಕೆ ತಾಗುವ ಮುನ್ನ ಅವನ್ನು ತೊಳೆದು ಒಣಗಿಸಬೇಕು. ಕಾರ್ಬನ್ ಉಕ್ಕು ಮೊದಲು ತುಕ್ಕು ಹಿಡಿಯುವುದು ಅತ್ಯಂತ ತೆಳುವಾದ ಜಾಗದಲ್ಲಿ, ಅಂದರೆ ಬಾಯಿಯಲ್ಲೇ. ಆಹಾರಕ್ಕೆ ತಾಗಿದರೂ ತೊಂದರೆಯಿಲ್ಲದ ಖನಿಜ ತೈಲವನ್ನು ತೆಳುವಾಗಿ ಸವರಿಡುವುದು ಲೇಸು. ಬಾಣಗಳನ್ನು ಮೊನೆ ಪೂರ್ತಿ ಮುಚ್ಚುವ ಬತ್ತಳಿಕೆಯಲ್ಲೇ ಒಯ್ಯಬೇಕು. ಅಭ್ಯಾಸದ ಗುರಿಗೆ ಒಮ್ಮೆ ಹೊಡೆದ ಮೊನೆ ಮೊಂಡಾಗಿಯೇ ಇರುತ್ತದೆಂದು ತಿಳಿದು, ಕಾಡಿಗೆ ಒಯ್ಯುವ ಮುನ್ನ ನುಣುಪು ಕಲ್ಲಿನಿಂದ ಮತ್ತೆ ಶುರುಮಾಡಿ ಬ್ಯಾಂಡಿನ ಪರೀಕ್ಷೆಯವರೆಗೆ ಬರಬೇಕು.