ಮೊದಲ ಸಲದ ಗಾಂಜಾ ಕೇಸು ಮತ್ತು 64ಎ: ನನ್ನ ಅನುಭವ

ಕಾಸರಗೋಡಿನಲ್ಲಿ ಸಣ್ಣ ಗಾಂಜಾ ಕೇಸಿಗೆ ಒಂದೇ ದಾರಿ ಎಂದು ವಕೀಲರೂ ನಂಬಿದ್ದಾರೆ, ಪೊಲೀಸರೂ ನಂಬಿದ್ದಾರೆ. ಸಮನ್ಸ್ ಬಂದ ದಿನ ಕೋರ್ಟಿಗೆ ಹೋಗು, ತಪ್ಪೊಪ್ಪಿಕೋ, ಜುಲ್ಮಾನೆ ಕಟ್ಟು, ಮಧ್ಯಾಹ್ನದ ಬಸ್ಸಿಗೆ ಉಪ್ಪಳಕ್ಕೋ ಬದಿಯಡ್ಕಕ್ಕೋ ಹೊರಡು. ಹುಡುಗನಿಗೆ ಶಿಕ್ಷೆಯಾಗಿದೆ ಎಂದು ಮನೆಯವರಿಗೂ ಅನ್ನಿಸುವುದಿಲ್ಲ, ಹೆಲ್ಮೆಟ್ ಇಲ್ಲದ್ದಕ್ಕೆ ದಂಡ ಕಟ್ಟಿ ಬಂದ ಹಾಗೆ. ನಾನು ಈ ದಾರಿ ಬಿಟ್ಟು, ಚಟಕ್ಕೆ ಬಿದ್ದವನು ತಾನಾಗಿ ಚಿಕಿತ್ಸೆ ಪಡೆದರೆ ಅವನ ಮೇಲೆ ಕೇಸು ನಡೆಸದಂತೆ ರಕ್ಷಣೆ ಕೊಡುವ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಯ 64ಎ ಕಲಮು ಹಿಡಿದಾಗ ಒಬ್ಬ ಹಿರಿಯ ವಕೀಲರು ಎಲ್ಲರೆದುರೇ ಹೇಳಿದರು: "ಅದೆಲ್ಲ ಬೊಂಬಾಯಿಯ ಸಿನಿಮಾ ನಟರಿಗೆ ಮಾರಾಯ್ರೆ, ಮಂಜೇಶ್ವರದ ಬೀಡಿ ಕಟ್ಟುವವರ ಮಕ್ಕಳಿಗಲ್ಲ." 2012ರಲ್ಲಿ ಮುಂಬೈಯ ವಿಶೇಷ ಕೋರ್ಟು ಒಬ್ಬ ಹಿಂದಿ ನಟನಿಗೆ ಇದೇ ಕಲಮಿನಡಿ ರಕ್ಷಣೆ ಕೊಟ್ಟದ್ದು ಅವರ ಮನಸ್ಸಿನಲ್ಲಿತ್ತು. ಈಗ ನನ್ನ ಕಡತದಲ್ಲಿ ಬೀಡಿ ಕಟ್ಟುವವರ ಮಕ್ಕಳ ಆದೇಶಗಳೇ ಆರೋ ಏಳೋ ಉಂಟು. ಆ ಹಿರಿಯರೇ ಮೊನ್ನೆ ತಮ್ಮ ಜೂನಿಯರನ್ನು ನನ್ನ ಹತ್ತಿರ ಕಳಿಸಿದ್ದರು. ಹಾಗಾಗಿ ಬರೆದಿಡುತ್ತಿದ್ದೇನೆ.

ಎನ್‌ಡಿಪಿಎಸ್ ಮಾಡುವವರಿಗೆ ಕಲಮುಗಳು ಬಾಯಿಪಾಠ, ವಿವರಿಸುತ್ತ ಕೂರುವುದಿಲ್ಲ. ಒಂದು ಕಡೆ ಮಾತ್ರ ಹೊಸಬರು ತಪ್ಪದೆ ಎಡವುತ್ತಾರೆ. ಜೇಬಿನಲ್ಲಿ ಇಪ್ಪತ್ತು ಗ್ರಾಂ ಸಿಕ್ಕಿದ ಹುಡುಗನಿಗೆ ನೇರವಾಗಿ ಪ್ರೊಬೇಷನ್, ಅಂದರೆ ಜೈಲಿಗೆ ಕಳಿಸದೆ ನಡತೆ ನೋಡಿ ಬಿಡುವುದನ್ನು, ಕೇಳುತ್ತಾರೆ. 33ನೇ ಕಲಮು ಹದಿನೆಂಟು ದಾಟಿದವನಿಗೆ ಪ್ರೊಬೇಷನ್ ಬಾಗಿಲು ತೆರೆಯುವುದು 26 (ಲೈಸೆನ್ಸುದಾರರ ತಪ್ಪು) ಮತ್ತು 27ಕ್ಕೆ (ಸೇವನೆ) ಮಾತ್ರ. ಹಿಂದೆ ಸ್ವಂತ ಸೇವನೆಗೆಂದು ಸ್ವಲ್ಪ ಇಟ್ಟುಕೊಂಡದ್ದೂ 27ರೊಳಗೇ ಬರುತ್ತಿತ್ತು. 2001ರ ತಿದ್ದುಪಡಿ ಅದನ್ನು ಹೊರಗೆ ತೆಗೆದು, ಗಾಂಜಾ ಇಟ್ಟುಕೊಳ್ಳುವುದರ 20ನೇ ಕಲಮಿನಲ್ಲಿ ಸಣ್ಣ ಪ್ರಮಾಣದ ಲೆಕ್ಕಕ್ಕೆ ಹಾಕಿತು, 27ರಲ್ಲಿ ಸೇವನೆಯಷ್ಟೇ ಉಳಿಯಿತು. 33ನ್ನು ಯಾರೂ ಅದಕ್ಕೆ ತಕ್ಕ ಹಾಗೆ ತಿದ್ದಲಿಲ್ಲ. ಹೀಗಾಗಿ ಸೇದಿದವನಿಗೆ ಪ್ರೊಬೇಷನ್ ಉಂಟು, ಸೇದಲು ಇಟ್ಟುಕೊಂಡವನಿಗಿಲ್ಲ. ಇದು ಅನ್ಯಾಯ ಎಂದು ನಾನು ಕೋರ್ಟಿನಲ್ಲೇ ಹೇಳಿದ್ದೇನೆ. ಆದರೆ ಕಾನೂನು ಇರುವುದು ಹಾಗೆ, ಅದರ ಮೇಲೆ ತಲೆ ಚಚ್ಚಿಕೊಂಡು ವಾಯಿದೆ ಕಳೆಯಬೇಡಿ. ಇಟ್ಟುಕೊಂಡವನು ವ್ಯಸನಿಯಾಗಿದ್ದರೆ ಅವನಿಗೆ ಉಳಿಯುವುದು ಎರಡು: ತಪ್ಪಿತಸ್ಥ ಎಂದಾಗುವ ಮೊದಲು 64ಎ, ಆದ ಮೇಲೆ ಮುಚ್ಚಳಿಕೆ ಬರೆಸಿಕೊಂಡು ಚಿಕಿತ್ಸೆಗೆ ಬಿಡುವ 39.

"ಕೇಸು ಎಳೆದಷ್ಟೂ ಪಾಸ್‌ಪೋರ್ಟ್ ಸಿಕ್ಕದು, ತಪ್ಪೊಪ್ಪಿಸಿ ಮುಗಿಸಿ" ಎನ್ನುವುದು ನನ್ನ ಸಹೋದ್ಯೋಗಿಗಳ ದೊಡ್ಡ ವಾದ. ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ. ಪ್ರತಿ ಎರಡನೇ ಮನೆಯಲ್ಲಿ ಒಬ್ಬ ದುಬೈಗೋ ದೋಹಾಕ್ಕೋ ಹೊರಟು ನಿಂತಿರುತ್ತಾನೆ. ನನ್ನ ಉತ್ತರ: 1993ರ ಅಧಿಸೂಚನೆಯ ಪ್ರಕಾರ ಕೋರ್ಟಿನ ಅನುಮತಿ ಪಡೆದರೆ ಕೇಸು ಬಾಕಿ ಇರುವಾಗಲೂ ಪಾಸ್‌ಪೋರ್ಟ್ ಆಗುತ್ತದೆ. 64ಎ ಅರ್ಜಿಯ ಜೊತೆಗೇ ಅದನ್ನೂ ಹಾಕಿ. ತಪ್ಪೊಪ್ಪಿಕೊಂಡದ್ದು ಮಾತ್ರ ದಾಖಲೆಯಲ್ಲಿ ಉಳಿಯುತ್ತದೆ. ನಾಳೆ ಪೊಲೀಸ್ ಕ್ಲಿಯರೆನ್ಸ್ ಕೇಳುವಾಗ ಎದ್ದು ಬರುತ್ತದೆ. ಅಷ್ಟೇ ಶಿಕ್ಷೆಯ ಕೇಸಿನಲ್ಲಿ ಇನ್ನೊಮ್ಮೆ ತಪ್ಪಿತಸ್ಥ ಎಂದಾದರೆ 31ರಡಿ ಗರಿಷ್ಠ ಶಿಕ್ಷೆಯೇ ಒಂದೂವರೆ ಪಟ್ಟಾಗುತ್ತದೆ. ನಾಲ್ಕೈದು ಸಾವಿರ ಜುಲ್ಮಾನೆಗೆ ಮುಗಿಯಿತು ಎಂದುಕೊಂಡದ್ದು ನಿಜವಾಗಿ ಮುಗಿಯುವುದಿಲ್ಲ.

ಈಗ ಸೋತ ಕಥೆಗಳು. ಕುಂಬಳೆ ಕಡೆಯ ಒಂದು ಕುಟುಂಬ ನನ್ನ ಮಾತು ಕೇಳಿ ಹುರುಪಿನಲ್ಲಿ ಹುಡುಗನನ್ನು ಒಂದು ಖಾಸಗಿ ಕೇಂದ್ರಕ್ಕೆ ಸೇರಿಸಿಬಿಟ್ಟಿತು. ತಿಂಗಳಿಗೆ ಹದಿನೈದೋ ಹದಿನೆಂಟೋ ಸಾವಿರ, ಒಟ್ಟು ಐವತ್ತರ ಹತ್ತಿರ ಹೋಯಿತು. ತಾಯಿ ಬಳೆ ಅಡವಿಟ್ಟಿದ್ದರು. ಹುಡುಗ ಚೆನ್ನಾಗಿಯೇ ಬಂದ, ಬಣ್ಣದ ಸರ್ಟಿಫಿಕೇಟೂ ಬಂತು. ಎ.ಪಿ.ಪಿ. (ಸರ್ಕಾರಿ ವಕೀಲರು) ಎದ್ದು ಒಂದೇ ಪ್ರಶ್ನೆ ಕೇಳಿದರು: ಈ ಸಂಸ್ಥೆಗೆ ಸರ್ಕಾರದ ಮಾನ್ಯತೆ ಎಲ್ಲಿ? ಇರಲಿಲ್ಲ. ಅರ್ಜಿ ವಜಾ. ಕಲಮು ಕೇಳುವುದು ಸರ್ಕಾರ ನಡೆಸುವ ಅಥವಾ ಮಾನ್ಯ ಮಾಡಿದ ಜಾಗ. ಸರ್ಟಿಫಿಕೇಟಿನ ಬಣ್ಣ ಅಲ್ಲಿ ಲೆಕ್ಕಕ್ಕಿಲ್ಲ. ಈಗ ನನ್ನಲ್ಲಿಗೆ ಬರುವವರಿಗೆ ಮೊದಲ ಮಾತೇ ಇದು: ದುಡ್ಡು ಕೊಟ್ಟು ಎಲ್ಲಿಗೂ ಸೇರಿಸಬೇಡಿ, ನನಗೆ ಹೇಳದೆ ಸೇರಿಸಲೇಬೇಡಿ.

ಇನ್ನೊಬ್ಬ ಆಸ್ಪತ್ರೆಯಿಂದ ಎರಡನೇ ವಾರಕ್ಕೇ ಓಡಿದ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ರಕ್ಷಣೆ ಹಿಂತೆಗೆಯಬಹುದು ಎಂದು ಕಲಮಿನ ಕೊನೆಯಲ್ಲೇ ಉಂಟು, ಹಿಂತೆಗೆದರು. ಮೂರನೆಯದಂತೂ ಯಾರ ಕೈಯಲ್ಲೂ ಇರಲಿಲ್ಲ. 39ರಡಿ ಮುಚ್ಚಳಿಕೆ ಬರೆದುಕೊಟ್ಟ ಹುಡುಗ ಮಂಗಳೂರಿನಲ್ಲಿ ಚಿಕಿತ್ಸೆಯಲ್ಲಿದ್ದ. 2020ರ ಮಾರ್ಚಿನಲ್ಲಿ ಕೊರೋನಾದ ಹೆಸರಿನಲ್ಲಿ ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದರು. ಡಯಾಲಿಸಿಸ್ ರೋಗಿಗಳಿಗೇ ದಾರಿ ಬಿಡದ ದಿನಗಳವು, ಇವನ ಫಾಲೋಅಪ್ ಕೇಳುವವರು ಯಾರು? ವರದಿ ಸಲ್ಲಿಸಲು ಕಲಮು ಕೊಡುವುದು ಹೆಚ್ಚೆಂದರೆ ಒಂದು ವರ್ಷ. ಮೆಜಿಸ್ಟ್ರೇಟರು ತಾಳ್ಮೆಯಿಂದ ಕೇಳಿದ್ದಕ್ಕೆ ಅಂತೂ ದಡ ಸೇರಿದೆವು.

ಮಂಗಳೂರು ಯಾಕೆ ಎಂದು ಕೇಳಬಹುದು. ಕೇರಳ ಅಬಕಾರಿಯವರ ವಿಮುಕ್ತಿ ಯೋಜನೆಯ ಚಟ ಬಿಡಿಸುವ ಕೇಂದ್ರ ನಮ್ಮ ಜಿಲ್ಲೆಗೆ ಇರುವುದು ನೀಲೇಶ್ವರ ತಾಲೂಕು ಆಸ್ಪತ್ರೆಯಲ್ಲಿ. ಕೇಂದ್ರ ಒಳ್ಳೆಯದೇ, ದುಡ್ಡಿಲ್ಲದವರಿಗೆ ದೊಡ್ಡ ಆಸರೆ. ಆದರೆ ವರ್ಕಾಡಿಯಿಂದಲೋ ಪೈವಳಿಕೆಯಿಂದಲೋ ಹೋಗುವವನಿಗೆ ಜಿಲ್ಲೆಯ ಆ ತುದಿ. ಅದಕ್ಕಿಂತ ದೊಡ್ಡ ತೊಡಕು ಭಾಷೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತ ಹುಡುಗನಿಗೆ ಮಲಯಾಳದಲ್ಲಿ ಕೌನ್ಸೆಲಿಂಗ್ ಮಾಡಿದರೆ ಅವನು ತಲೆಯಾಡಿಸುತ್ತಾನೆ ಅಷ್ಟೇ. ಓಡಿದ ಹುಡುಗ ನನ್ನ ಹತ್ತಿರ ಹೇಳಿದ್ದೂ ಅದೇ: "ಅವರು ಕೇಳಿದ್ದು ನಂಗೆ ಅರ್ಧ ಗೊತ್ತಾಗ್ಲಿಲ್ಲ ವಕೀಲ್ರೇ, ನಾಚಿಕೆಯಲ್ಲಿ ಹೂಂ ಅಂದೆ." ಅವತ್ತಿನಿಂದ ಗಡಿ ಪಕ್ಕದ ಹುಡುಗರನ್ನು ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್ಲಾಕಿಗೆ ಕರೆದುಕೊಂಡು ಹೋಗತೊಡಗಿದೆ. ಕರ್ನಾಟಕದ ಆಸ್ಪತ್ರೆ ಕೇರಳದ ಕೋರ್ಟಿಗೆ ನಡೆಯುತ್ತದಾ ಎಂದು ಆಕ್ಷೇಪ ಬಂತು. ಕೇಂದ್ರ ಕಾಯ್ದೆಗಳ ಪದಗಳಿಗೆ ಅರ್ಥ ಹೇಳುವ ಸಾಮಾನ್ಯ ಖಂಡಗಳ ಕಾಯ್ದೆಯ (ಜನರಲ್ ಕ್ಲಾಸಸ್ ಆಕ್ಟ್) 3(23) ಓದಿ ತೋರಿಸಿದೆ: ಕೇಂದ್ರ ಕಾಯ್ದೆಯಲ್ಲಿ ಸುಮ್ಮನೆ ಸರ್ಕಾರ ಎಂದಿದ್ದರೆ ಅದು ಕೇಂದ್ರವೂ ಹೌದು, ಯಾವುದೇ ರಾಜ್ಯವೂ ಹೌದು. ಆಕ್ಷೇಪ ಅಲ್ಲಿಗೇ ನಿಂತಿತು. ಈ ಅಂಶ ಹೊಳೆದದ್ದಕ್ಕೆ ನನಗೆ ಇವತ್ತಿಗೂ ಹೆಮ್ಮೆ ಉಂಟು.

ಇನ್ನು ಕೆಲಸದ ಕ್ರಮ. ಜಾಮೀನು ಆದ ವಾರದಲ್ಲೇ ಆಸ್ಪತ್ರೆಗೆ ಹೋಗಬೇಕು. ಸಮನ್ಸ್ ಬಂದ ಮೇಲೆ ಹೋದರೆ ಅದು ಸ್ವಇಚ್ಛೆಯೋ ಕೇಸಿನ ಹೆದರಿಕೆಯೋ ಎಂಬ ಪ್ರಶ್ನೆ ಬಂದೇ ಬರುತ್ತದೆ. ಓ.ಪಿ. ಚೀಟಿಯ ತಾರೀಕು ನೂರು ಪುಟದ ವಾದಕ್ಕಿಂತ ಹೆಚ್ಚು ಮಾತಾಡುತ್ತದೆ. ಆ ಚೀಟಿಯಲ್ಲಿ ರೋಗದ ಸಂಖ್ಯೆ ನೋಡಿ. ಎಫ್ 12.2 ಅಂದರೆ ಗಾಂಜಾದ ಅವಲಂಬನೆ, ಎಫ್ 12.1 ಅಂದರೆ ಹಾನಿಯಾಗುವಷ್ಟು ಬಳಕೆ. ಕಾಯ್ದೆಯ 2(ಎ) ಪ್ರಕಾರ ವ್ಯಸನಿ ಎಂದರೆ ಅವಲಂಬನೆ ಇರುವವನು, ಆದ್ದರಿಂದ 12.1 ಹಿಡಿದು 64ಎ ಕೇಳಲು ಆಗದು. ಒಮ್ಮೆ ನೀಲಿ ಇಂಕಿನಲ್ಲಿ ಬರೆದ ಕೊನೆಯ ಅಂಕಿ ಒಂದೋ ಎರಡೋ ಎಂದು ಬೆಂಚ್ ಕ್ಲಾರ್ಕ್, ಎ.ಪಿ.ಪಿ., ನಾನು ಮೂವರೂ ಬೆಳಕಿಗೆ ಹಿಡಿದು ನೋಡಿದ್ದೇವೆ. ಅಂದಿನಿಂದ ಅಕ್ಷರದಲ್ಲೂ ಬರೆದುಕೊಡಿ ಎಂದು ವಿನಂತಿಸುತ್ತೇನೆ. ಡಾಕ್ಟರರಿಗೆ ಏನು ಬರೆಯಬೇಕೆಂದು ಮಾತ್ರ ನಾನು ಹೇಳಿದವನಲ್ಲ, ಹೇಳುವವನೂ ಅಲ್ಲ. ಸುಳ್ಳು ವ್ಯಸನಿಯನ್ನು ಒಬ್ಬನನ್ನು ತೋರಿಸಿದರೆ ನಿಜವಾದ ಹತ್ತು ಮಂದಿಯ ಬಾಗಿಲು ಮುಚ್ಚುತ್ತದೆ.

ಅರ್ಜಿ ಯಾವ ಹಂತದಲ್ಲಿ ಹಾಕುತ್ತೇನೆ, ಜೊತೆಯ ಮೆಮೊದಲ್ಲಿ ಏನು ಒಕ್ಕಣೆ ಇರುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು. ಜೂನಿಯರುಗಳು ಮುಖತಃ ಕೇಳಿದರೆ ಹೇಳುತ್ತೇನೆ.

ನಡುವೆ ಮೂತ್ರದಲ್ಲಿ ಗಾಂಜಾ ಪತ್ತೆ ಮಾಡುವ ಪಟ್ಟಿ (ಸ್ಟ್ರಿಪ್) ತಂದು ಪ್ರಯೋಗ ಮಾಡಿದೆ. ಅಂಗಡಿಯಲ್ಲಿ ಒಂದಕ್ಕೆ ನೂರೈವತ್ತು, ಇನ್ನೂರರ ಆಸುಪಾಸು. ಕ್ರಮವಾಗಿ ನೆಗೆಟಿವ್ ತೋರಿಸಿದರೆ ಕೋರ್ಟು ಮೆಚ್ಚೀತು ಎಂದು ಲೆಕ್ಕ. ಹುಡುಗ ಬಿಟ್ಟು ಮೂರು ವಾರವಾಗಿತ್ತು, ತಾಯಿ ದೇವರ ಮೇಲೆ ಆಣೆ ಹಾಕುತ್ತಾರೆ, ಪಟ್ಟಿ ಮಾತ್ರ ಪಾಸಿಟಿವ್. ತಂದೆ ಹೊಡೆಯಲು ಕೈ ಎತ್ತಿಯೇಬಿಟ್ಟರು. ಡಾಕ್ಟರರನ್ನು ಕೇಳಿದಾಗ ಗೊತ್ತಾಯಿತು, ಗಾಂಜಾದ ಸಾರ ಮೈಯ ಕೊಬ್ಬಿನಲ್ಲಿ ಕೂತಿರುತ್ತದೆ, ದಿನಾ ಸೇದಿದವನ ಮೂತ್ರದಲ್ಲಿ ತಿಂಗಳ ಮೇಲೂ ಕಾಣಿಸಬಹುದು. ಆ ಹುಡುಗನ ಮುಖ ನೋಡಬೇಕಿತ್ತು, ಅವನನ್ನು ನಂಬದೆ ಇದ್ದದ್ದು ನಾವೆಲ್ಲ. ಪಟ್ಟಿಗಳನ್ನು ಬಿಟ್ಟೆ. ಈಗ ಆಸ್ಪತ್ರೆಯ ಲ್ಯಾಬಿನಲ್ಲಿ ಎರಡು ತಿಂಗಳ ನಂತರ ಮಾಡಿಸಿದ್ದನ್ನಷ್ಟೇ ಹಾಕುತ್ತೇನೆ.

ತೂಕದ ಕಡೆಗೂ ಸ್ವಲ್ಪ ಹೋದೆ. ಒಂದು ಕೇಸಿನಲ್ಲಿ ಮಹಜರಿನಲ್ಲಿ ಒಂದು ಕಿಲೋಗಿಂತ ಚೂರು ಹೆಚ್ಚು ಬರೆದಿತ್ತು. ಗಾಂಜಾದ ಸಣ್ಣ ಪ್ರಮಾಣ ಕಿಲೋದವರೆಗೆ, ದಾಟಿದರೆ ಹತ್ತು ವರ್ಷದವರೆಗಿನ ಕಲಮು, ಕೇಸು ಮೆಜಿಸ್ಟ್ರೇಟರ ಕೈ ಬಿಟ್ಟು ಮೇಲಿನ ಕೋರ್ಟಿಗೆ ಹೋಗುತ್ತದೆ. ಮಹಜರು ಮಲಯಾಳದಲ್ಲಿತ್ತು, ಹುಡುಗ ಓದದೆ ಸಹಿ ಹಾಕಿದ್ದ. ಅವನ ಮುಂದೆ ಕೂತು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದಾಗ ಗೊತ್ತಾಯಿತು: ತೂಕ ಹಾಕಿದ್ದು ಪ್ಲಾಸ್ಟಿಕ್ ಕವರು, ಬಟ್ಟೆ ಚೀಲ ಸಮೇತ. 52ಎ ಪ್ರಕಾರ ವಶಪಡಿಸಿಕೊಂಡ ಮಾಲಿನ ಪಟ್ಟಿ ಮಾಡುವಾಗ ಬರಿ ಗಾಂಜಾ ತೂಗಿಸಿ ಎಂದು ಕೇಳಿಕೊಂಡೆ. ಕಿಲೋದ ಒಳಗೆ ಬಂತು. ಆದರೆ ಅಷ್ಟು ಇಟ್ಟುಕೊಂಡವನಿಗೆ 64ಎ ಕೇಳಲು ನನಗೆ ಮನಸ್ಸಾಗಲಿಲ್ಲ, ಬೇರೆ ರೀತಿಯಲ್ಲೇ ನಡೆಸಿದೆ.

ಅವಲಂಬನೆಯೇ ಇಲ್ಲದವನಿಗೆ, ಗೆಳೆಯರ ಜೊತೆ ಉಪ್ಪಳದ ಕಡಲ ಬದಿಯಲ್ಲಿ ಒಂದು ದಮ್ಮು ಎಳೆದವನಿಗೆ, ಏನು ಮಾಡುವುದು? ಸೇದಿದ ತುಂಡಷ್ಟೇ ಸಿಕ್ಕಿ ಗಾಂಜಾ ಸೇವನೆಯ 27(ಬಿ) ಮಾತ್ರ ಹಾಕಿದ್ದರೆ ದಾರಿ ಸಲೀಸು. ಪ್ರೊಬೇಷನ್ ಕಾಯ್ದೆಯ 3ರಡಿ ಎಚ್ಚರಿಕೆ ಕೊಟ್ಟು ಬಿಡಿ ಎಂದು ಕೇಳಿ, ಆಗದಿದ್ದರೆ 4ರಡಿ ಮುಚ್ಚಳಿಕೆ. ಅದೇ ಕಾಯ್ದೆಯ 12ನೇ ಕಲಮನ್ನು ಆದೇಶದಲ್ಲೇ ಬರೆಯಿಸಿಕೊಳ್ಳಿ, ಶಿಕ್ಷೆಯಿಂದ ಬರುವ ಅನರ್ಹತೆ ಅದರಿಂದ ಹೋಗುತ್ತದೆ. ಸರ್ಕಾರಿ ನೌಕರಿಗೆ ಪಿ.ಎಸ್.ಸಿ. ಪರೀಕ್ಷೆ ಬರೆಯುವ ಹುಡುಗರಿಗೆ ಇದು ಬಂಗಾರ. ಪ್ರೊಬೇಷನ್ ಅಧಿಕಾರಿ ಮನೆಗೆ ಬರುವ ಮೊದಲು ಶಾಲೆಯ ಹೆಡ್ಮಾಸ್ಟರರ ಪತ್ರ, ಕೆಲಸ ಕೊಡುವವರ ಪತ್ರ ಸಿದ್ಧ ಇರಲಿ. ಇಪ್ಪತ್ತು ಗ್ರಾಂ ಇಟ್ಟುಕೊಂಡು ವ್ಯಸನಿಯೂ ಅಲ್ಲದವನಿಗೆ ಮಾತ್ರ ಈ ಎರಡೂ ಬಾಗಿಲು ಇಲ್ಲ. ಅವನಿಗೆ ಕನಿಷ್ಠ ಶಿಕ್ಷೆ ಎಂಬುದು ಕಲಮಿನಲ್ಲಿಲ್ಲ, ಜುಲ್ಮಾನೆ ಮಾತ್ರ ಸಾಕು ಎಂದು ವಯಸ್ಸು, ಮನೆ ಸ್ಥಿತಿ ಹೇಳಿ ಕೇಳುತ್ತೇನೆ. ಚಟಕ್ಕೆ ಬಿದ್ದವನಿಗಿಂತ ಚಟವಿಲ್ಲದವನಿಗೆ ಹೆಚ್ಚು ಪೆಟ್ಟು ಬೀಳುವ ಈ ಕಾನೂನನ್ನು ತಿದ್ದಲೇಬೇಕು.

ಖರ್ಚಿನ ಮಾತು. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಹೆಚ್ಚೇನೂ ಹೋಗುವುದಿಲ್ಲ. ಹೋಗುವುದು ಬಸ್ಸಿಗೆ, ಹೊರಗಿನ ಮಾತ್ರೆಗೆ, ಜೊತೆಗೆ ಬರುವ ತಂದೆಯ ಕೂಲಿಗೆ. ಅಡಿಕೆ ಸುಲಿಯುವ ಹಂಗಾಮಿನಲ್ಲಿ ಒಂದು ದಿನ ತಪ್ಪಿದರೂ ಎಂಟುನೂರು, ಸಾವಿರ ಹೋಯಿತು. ಎಲ್ಲ ಸೇರಿ ಕೇಸು ಮುಗಿಯುವಾಗ ಹತ್ತು ಹನ್ನೆರಡು ಸಾವಿರ ಆಗಿರುತ್ತದೆ, ಜುಲ್ಮಾನೆಯ ಎರಡು ಪಟ್ಟಿಗಿಂತ ಹೆಚ್ಚು. ಇದನ್ನು ಮೊದಲ ದಿನವೇ ಹೇಳಿಬಿಡುತ್ತೇನೆ. ನನ್ನ ಫೀಸಿನಲ್ಲಿ ಅರ್ಧ ಮಾತ್ರ ಮುಂಗಡ, ಉಳಿದರ್ಧ ಆಸ್ಪತ್ರೆಯ ಕೊನೆಯ ವರದಿ ಕೈಗೆ ಬಂದ ಮೇಲೆ. ಹುಡುಗ ಅರ್ಧದಲ್ಲಿ ಬಿಟ್ಟರೆ ಆ ಹಣ ನನಗಿಲ್ಲ. ಹಾಗಾಗಿ ಫಾಲೋಅಪ್ ದಿನ ಬೆಳಿಗ್ಗೆ ಏಳಕ್ಕೆ ಮೊದಲ ಫೋನು ನನ್ನದೇ ಹೋಗುತ್ತದೆ: "ಬಸ್ಸು ಹತ್ತಿದ್ದೀಯಾ?"