ನೋಟ್ಸಿಗೊಂದು ಫೈಲು ಹುಡುಕಿದ ಕತೆ

ಕಾರ್ಕಳದ ಹತ್ತಿರದ ನಮ್ಮ ಮನೆಯಿಂದ ಕಾಲೇಜಿಗೆ ಬಸ್ಸಿನಲ್ಲಿ ಒಂದೂಕಾಲು ಗಂಟೆ. ಬೆಳಗಿನ ಬಸ್ಸಲ್ಲಿ ಸೀಟು ಸಿಗುವ ಮಾತೇ ಇಲ್ಲ. ಕೂತವರ ಮಡಿಲಿಗೆ ಚೀಲ ಕೊಟ್ಟು ಕಂಬಿ ಹಿಡಿದು ನಿಲ್ಲಬೇಕು. ಸೇರಿದ ಎರಡನೇ ವಾರದಲ್ಲೇ ಒಬ್ಬರು ಅಜ್ಜಿ ನನ್ನ ಚೀಲ ತೊಡೆಯ ಮೇಲಿಟ್ಟುಕೊಂಡು, "ಇದರೊಳಗೆ ಕಲ್ಲುಂಟಾ ಮಗಾ?" ಎಂದು ಕೇಳಿದ್ದರು.

ಕಲ್ಲಲ್ಲ, ಸ್ಪೈರಲ್ ನೋಟ್‌ಬುಕ್. 2015ರಲ್ಲಿ ಸಿವಿಲ್ ಎಂಜಿನಿಯರಿಂಗ್‌ಗೆ ಸೇರಿದಾಗ ಆಸೆಪಟ್ಟು ಕೊಂಡದ್ದು. ಐದು ವಿಷಯಕ್ಕೆ ಐದು ಬಣ್ಣದ ವಿಭಾಗ, 300 ಪುಟ, ಗಟ್ಟಿ ರಟ್ಟು. ಒಂದೇ ಪುಸ್ತಕದಲ್ಲಿ ಎಲ್ಲ ಮುಗಿಯುತ್ತದೆ ಎಂದುಕೊಂಡಿದ್ದೆ. ಫಿಸಿಕ್ಸ್ ಸೈಕಲ್, ಅಂದರೆ ಫಿಸಿಕ್ಸ್ ಇರುವ ಮೊದಲ ವರ್ಷದ ಸೆಮಿಸ್ಟರ್, ಅರ್ಧವಾಗುವಷ್ಟರಲ್ಲಿ ಗಣಿತದ ವಿಭಾಗ ತುಂಬಿ, ಮುಂದಿನ ಲೆಕ್ಕಗಳು ಎಲೆಕ್ಟ್ರಿಕಲ್ ವಿಭಾಗಕ್ಕೆ ನುಗ್ಗಿದ್ದವು. ಲೆಕ್ಚರರ್ ಕೊಟ್ಟ ಜೆರಾಕ್ಸ್ ಹಾಳೆಗಳನ್ನು ನಾಲ್ಕು ಮಡಿಕೆ ಮಾಡಿ ಪುಟಗಳ ನಡುವೆ ತುರುಕುತ್ತಿದ್ದೆ. ಪುಸ್ತಕ ಬಸುರಿಯ ಹಾಗೆ ಉಬ್ಬಿತ್ತು. ಒಂದು ದಿನ ಬಸ್ಸಿಳಿಯುವಾಗ ಚೀಲದ ಜಿಪ್ ಬಿಟ್ಟುಕೊಂಡು, ಆ ಮಡಿಸಿದ ಹಾಳೆಗಳೆಲ್ಲ ನಿಲ್ದಾಣದ ಕೆಸರು ನೀರಿನಲ್ಲಿ ತೇಲಿದವು. ಆರಿಸಿಕೊಂಡೆ ನಿಜ. ಆದರೆ ಯಾವುದು ಯಾವ ವಿಷಯದ್ದು, ಎಷ್ಟನೇ ಪುಟ ಎಂಬುದು ಒಂದರ ಮೇಲೂ ಬರೆದಿರಲಿಲ್ಲ.

ಅಲ್ಲಿಂದ ಮುಂದಿನ ಎರಡು ವರ್ಷ ನಾನು ಸ್ಟೇಷನರಿ ಅಂಗಡಿಗಳಿಗೆ ಸುರಿದ ದುಡ್ಡಿನ ಲೆಕ್ಕ ಅಪ್ಪನಿಗೆ ಇವತ್ತಿಗೂ ಗೊತ್ತಿಲ್ಲ.

ಅಷ್ಟರಲ್ಲಿ ಅಮೆರಿಕದಿಂದ ಬಂದ ಚಿಕ್ಕಪ್ಪನ ಮಗಳು ಒಂದು ಬೈಂಡರ್ ತಂದುಕೊಟ್ಟಳು. ನೀಲಿ ಬಣ್ಣ, ಒಳಗೆ ಹೊಳೆಯುವ ಮೂರು ರಿಂಗ್, ಜೊತೆಗೆ ಬಣ್ಣಬಣ್ಣದ ಡಿವೈಡರ್‌ಗಳು. ಮನೆಗೆ ಬಂದವರಿಗೆಲ್ಲ ತೋರಿಸಿದ್ದೆ. ತೊಂದರೆ ಗೊತ್ತಾದದ್ದು ಹಾಳೆ ಹಾಕಲು ಕೂತಾಗ. ನಮ್ಮ ಪಂಚಿಂಗ್ ಮಷಿನ್ ಒತ್ತಿದರೆ ಬೀಳುವುದು ಎರಡು ತೂತು, ನಡುವೆ 80 ಮಿಲಿಮೀಟರ್ ಅಂತರ. ಅಲ್ಲಿನದ್ದು ಮೂರು ರಿಂಗ್, ಒಂದರಿಂದ ಇನ್ನೊಂದಕ್ಕೆ ನಾಲ್ಕೂಕಾಲು ಇಂಚು, ಅಂದರೆ ಸುಮಾರು 108 ಮಿಲಿಮೀಟರ್. ಯಾವ ರೀತಿಯಲ್ಲೂ ಹೊಂದುವುದಿಲ್ಲ. ಪಂಚಿಂಗ್ ಮಷಿನ್ನಿನ ಒಂದೇ ಬದಿ ಬಳಸಿ, ಪೆನ್ಸಿಲ್ ಗುರುತು ಹಾಕಿ, ಹಾಳೆಗೆ ಮೂರು ಸಲ ಒತ್ತಿ ತೂತು ಮಾಡಿದೆ. ಆಮೇಲೆ ನೋಡಿದರೆ ಹಾಳೆ ಮೇಲೂ ಕೆಳಗೂ ಹೊರಗೆ ಇಣುಕುತ್ತಿದೆ! ಅವರ ಲೆಟರ್ ಸೈಜ್ 279 ಮಿಲಿಮೀಟರ್ ಉದ್ದ, ನಮ್ಮ ಎ4 297. ಹದಿನೆಂಟೇ ಮಿಲಿಮೀಟರ್ ವ್ಯತ್ಯಾಸ, ಆದರೆ ಬಸ್ಸಿನ ನೂಕುನುಗ್ಗಲಿನಲ್ಲಿ ಪ್ರತಿ ಹಾಳೆಯ ಮೂಲೆಯೂ ನಾಯಿಕಿವಿಯಾಗಲು ಅಷ್ಟು ಸಾಕು. ಆ ಬೈಂಡರಿನಲ್ಲಿ ಈಗ ಅಮ್ಮ ಕರೆಂಟ್ ಬಿಲ್ಲು ಇಡುತ್ತಾಳೆ. ತೂತು ಮಾಡದೆ, ಸುಮ್ಮನೆ ಒಳಗೆ ಸೇರಿಸಿ.

ಹಾಗಾದರೆ ನಮ್ಮಲ್ಲೇ ಸಿಗುವ ಎರಡು ರಿಂಗಿನದು ಆದೀತೇ ಎಂದು ಮಂಗಳೂರಿನಿಂದ ಒಂದು ತಂದೆ. ಅಳತೆ ಸರಿಯಾಯಿತು, ಆದರೆ ನಮ್ಮೂರಿನ ಗಾಳಿ ಆಗಿಬರಲಿಲ್ಲ. ಕರಾವಳಿಯಲ್ಲಿ ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಕಬ್ಬಿಣ ಎನ್ನುವುದೆಲ್ಲ ಕೆಂಪಾಗುತ್ತದೆ. ಆಗಸ್ಟ್ ನಡುವಿಗೆ ತುಳುವರ ಆಟಿ ತಿಂಗಳು ಮುಗಿಯುವಾಗ ರಿಂಗಿನ ಬಾಯಿಗೆ ತುಕ್ಕು ಹತ್ತಿ ಪೂರ್ತಿ ಮುಚ್ಚುತ್ತಿರಲಿಲ್ಲ. ಕೂದಲೆಳೆಯಷ್ಟು ಸಂದಿ ಉಳಿದರೂ ಹಾಳೆ ತಿರುವುವಾಗ ತೂತಿನ ಅಂಚು ಅಲ್ಲಿ ಸಿಕ್ಕಿ ಹರಿಯುತ್ತದೆ. ಹರಿದ ಜಾಗಕ್ಕೆಲ್ಲ ಅಂಟಿಸಲು ದುಂಡು ಸ್ಟಿಕ್ಕರ್ ತಂದೆ. ರೋಗ ಒಂದು ಕಡೆ, ಮುಲಾಮು ಇನ್ನೊಂದು ಕಡೆ.

ಪ್ಲಾಸ್ಟಿಕ್ ಕವರಿನ ಪಾಠ ಇನ್ನೂ ದುಬಾರಿ. ಜೆರಾಕ್ಸ್ ಹಾಳೆಗಳು ನೆನೆಯಬಾರದೆಂದು ಒಂದೊಂದನ್ನೂ ಪಾರದರ್ಶಕ ಕವರಿಗೆ ಹಾಕಿಟ್ಟೆ. ಅಂಗಡಿಯಲ್ಲಿ ಎರಡು ಬಗೆ ಇದ್ದವು. ಒಂದು ದಪ್ಪಗೆ, ಮೆತ್ತಗೆ, ಗಾಜಿನಂತೆ ಹೊಳೆಯುವುದು. ಇನ್ನೊಂದು ಸ್ವಲ್ಪ ಮಂಜು ಮಂಜಾಗಿ, ಮುಟ್ಟಿದರೆ ಸರಬರ ಸದ್ದು ಮಾಡುವುದು. ಚೆಂದ ಕಂಡಿತೆಂದು ಹೊಳೆಯುವುದನ್ನೇ ತಂದೆ. ಇಂಟರ್ನಲ್ಸ್‌ಗೆ, ಅಂದರೆ ಕಾಲೇಜೇ ನಡೆಸುವ ಕಿರುಪರೀಕ್ಷೆಗೆ, ಓದಲು ಹಾಳೆ ಹೊರಗೆಳೆದರೆ ಚರ್ ಎಂದು ಸದ್ದು. ಅಕ್ಷರಗಳು ಕವರಿನ ಒಳಮೈಗೆ ಅಂಟಿಕೊಂಡಿದ್ದವು! ಕವರಿನಲ್ಲಿ ಕನ್ನಡಿಯ ಬಿಂಬದಂತೆ ತಿರುವುಮುರುವಾಗಿ ಬೀಮಿನ ಚಿತ್ರ, ಹಾಳೆಯ ಮೇಲೆ ಅದರ ಮಾಸಿದ ನೆರಳು. ಹೊಳೆಯುವುದು ಪಿವಿಸಿ. ಅದನ್ನು ಮೆತ್ತಗೆ ಮಾಡಲು ಸೇರಿಸಿದ ಎಣ್ಣೆಯಂಥ ರಾಸಾಯನಿಕ ನಿಧಾನಕ್ಕೆ ಹೊರಬಂದು ಜೆರಾಕ್ಸಿನ ಟೋನರನ್ನು ಕರಗಿಸಿ ಎತ್ತಿಕೊಳ್ಳುತ್ತದೆ. ಸದ್ದು ಮಾಡುವ ಮಂಜು ಕವರು ಪಾಲಿಪ್ರೊಪಿಲೀನ್, ಅದರಲ್ಲಿ ಈ ಕಾಟವಿಲ್ಲ. ಅಂಗಡಿಯಲ್ಲಿ ಹೆಸರು ಕೇಳಬೇಕಿಲ್ಲ, ಮೂಸಿ ನೋಡಿದರೆ ಸಾಕು. ಹೊಸ ರೈನ್‌ಕೋಟಿನ ವಾಸನೆ ಬಂದರೆ ಬಿಟ್ಟುಬಿಡಿ.

ಇಷ್ಟಾದ ಮೇಲೆ ದಾರಿ ತೋರಿಸಿದ್ದು ಅಪ್ಪ. ಅವರು ಪಂಚಾಯತಿಯಲ್ಲಿ ಗುಮಾಸ್ತರಾಗಿದ್ದವರು. ಒಂದು ರಾತ್ರಿ ನಾನು ರಿಂಗಿನ ಜೊತೆ ಗುದ್ದಾಡುವುದನ್ನು ನೋಡಿ, "ಎಂತ ಮಾರಾಯ್ತಿ, ಕಾಗದ ಇಡ್ಲಿಕ್ಕೆ ಇಷ್ಟು ಯಂತ್ರ ಬೇಕಾ?" ಎಂದು ಒಳಗಿನಿಂದ ಒಂದು ಹಳೇ ರಟ್ಟಿನ ಫೈಲು, ಒಂದು ಹಿಡಿ ಟ್ಯಾಗು, ಒಂದು ದಬ್ಬಣ ತಂದರು. ಟ್ಯಾಗ್ ಎಂದರೆ ಕಚೇರಿಗಳಲ್ಲಿ ಕಡತ ಕಟ್ಟುವ ಗೇಣುದ್ದದ ದಾರ, ಎರಡು ತುದಿಗೂ ಗಟ್ಟಿ ಮೂತಿ. ಅದಕ್ಕೆ ತುಕ್ಕಿಲ್ಲ, ಭಾರವಿಲ್ಲ. ಹತ್ತು ಹಾಳೆಗೂ ಅದೇ, ನೂರಕ್ಕೂ ಅದೇ. ಸಡಿಲ ಬಿಟ್ಟು ಕಟ್ಟಿದರೆ ಪುಸ್ತಕದಂತೆ ತೆರೆದುಕೊಳ್ಳುತ್ತದೆ. ಅಪ್ಪ ಹೇಳಿದ ಒಂದೇ ಎಚ್ಚರಿಕೆ: ಮೂತಿ ಲೋಹದ್ದಾಗಿರಬಾರದು, ಪ್ಲಾಸ್ಟಿಕ್ಕಿನದಿರಬೇಕು. ಲೋಹದ್ದಾದರೆ ಎರಡು ಮಳೆಗಾಲಕ್ಕೆ ಮೊದಲ ಹಾಳೆಯ ಮೇಲೆ ಕಾವಿ ಬಣ್ಣದ ಗುಂಡು ಕಲೆ. ಸ್ಟೇಪ್ಲರ್ ಪಿನ್ನಿಗೂ ಇದೇ ಮಾತು. ಕೈಗೆ ಬಂದ ಹ್ಯಾಂಡ್‌ಔಟಿನ ಪಿನ್ನನ್ನು ಅವತ್ತೇ ಕಿತ್ತು ಟ್ಯಾಗಿಗೆ ಪೋಣಿಸುವುದನ್ನು ಅಲ್ಲಿಂದ ರೂಢಿ ಮಾಡಿಕೊಂಡೆ.

ದಬ್ಬಣವನ್ನು ಮಾತ್ರ ನಾನು ಅಪ್ಪನಿಗೇ ವಾಪಸು ಕೊಟ್ಟೆ. ಪಂಚಿಂಗ್ ಮಷಿನ್ನಿನ ತೂತು ಒಂದರ ಮೇಲೊಂದು ಸರಿಯಾಗಿ ಕೂರುತ್ತದೆ. ಹಾಳೆಯನ್ನು ನಡುಮಧ್ಯಕ್ಕೆ ಒಂದು ಚೂರು ಮಡಿಸಿ, ಆ ಗೆರೆಯನ್ನು ಮಷಿನ್ನಿನ ಬಾಣದ ಗುರುತಿಗೆ ಹಿಡಿದರೆ ಆಯಿತು.

ಕೊನೆಗೆ ನಿಂತ ವ್ಯವಸ್ಥೆ ಹೀಗಿತ್ತು. ಚೀಲದಲ್ಲಿ ಹೋಗುವುದು ಬೇರೆ, ಮನೆಯಲ್ಲಿ ಉಳಿಯುವುದು ಬೇರೆ. ಮೊದಲ ಎರಡು ವರ್ಷ ನಾನು ಎಡವಿದ್ದೇ ಇಲ್ಲಿ, ಎಲ್ಲವನ್ನೂ ಎಲ್ಲ ದಿನವೂ ಹೊತ್ತೊಯ್ಯುವ ಒಂದು ಸಾಮಾನನ್ನು ಹುಡುಕುತ್ತಿದ್ದೆ. ಚೀಲದಲ್ಲಿ ಇದ್ದದ್ದು ಒಂದು ಪರೀಕ್ಷೆಯ ಪ್ಯಾಡು, ಗೆರೆ ಎಳೆದ ನಲವತ್ತು ಎ4 ಹಾಳೆ, ಗುಂಡಿ ಒತ್ತುವ ಒಂದು ಪ್ಲಾಸ್ಟಿಕ್ ಫೋಲ್ಡರ್, ಅಷ್ಟೆ. ಆ ವಾರ ಬರೆದದ್ದು, ಸಿಕ್ಕಿದ್ದು ಎಲ್ಲ ಫೋಲ್ಡರಿಗೆ. ಶನಿವಾರ ರಾತ್ರಿ ಊಟವಾದ ಮೇಲೆ ಅದನ್ನು ಮಂಚದ ಮೇಲೆ ಸುರುವಿ ವಿಷಯವಾರು ಫೈಲುಗಳಿಗೆ ಹಂಚುತ್ತಿದ್ದೆ. ಅರ್ಧ ಗಂಟೆಯ ಕೆಲಸ. ಆ ಹೊತ್ತಿನಲ್ಲೇ ವಾರದ ಪಾಠ ಒಮ್ಮೆ ಕಣ್ಣ ಮುಂದೆ ಹಾದುಹೋಗುತ್ತಿತ್ತು. ಬಿಡಿ ಹಾಳೆಯಲ್ಲಿ ಬರೆಯುವವರು ಒಂದು ಮಾತ್ರ ತಪ್ಪಿಸಬಾರದು. ಬಲಮೂಲೆಯಲ್ಲಿ ವಿಷಯ, ಮಾಡ್ಯೂಲ್ (ಪಠ್ಯದ ಭಾಗ), ತಾರೀಕು, ಪುಟಸಂಖ್ಯೆ. ಪಾಠ ಶುರುವಾಗುವ ಮೊದಲೇ ಅದನ್ನು ಬರೆಯಬೇಕು, ಆಮೇಲೆ ಬರೆಯುತ್ತೇನೆ ಎಂದರೆ ಬರೆಯುವುದಿಲ್ಲ. ಪೆನ್ನು ಬಾಲ್‌ಪೆನ್ನೇ ಆಗಲಿ. ಹಲವು ಜೆಲ್ ಪೆನ್ನುಗಳ ಅಕ್ಷರ ಒಂದು ಹನಿ ನೀರು ಬಿದ್ದರೆ ನವಿಲುಗರಿಯಾಗುತ್ತದೆ.

ಮನೆಯಲ್ಲಿ ವಿಷಯಕ್ಕೊಂದು ಲೇಸ್ ಫೈಲು (ದಾರದಿಂದ ಕಟ್ಟುವ ರಟ್ಟಿನ ಫೈಲು), ಆಗ 10-12 ರೂಪಾಯಿಗೆ ಸಿಗುತ್ತಿತ್ತು. ಒಳಗೆ ಐದು ಭಾಗ. ನಮ್ಮ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪ್ರಶ್ನೆಪತ್ರಿಕೆಯೇ ಹಾಗಿತ್ತು: ಐದು ಮಾಡ್ಯೂಲು, ಪ್ರತಿಯೊಂದರಿಂದ ಎರಡು ಪ್ರಶ್ನೆ, ಒಂದಕ್ಕೆ ಉತ್ತರ. ನೋಟ್ಸು, ಹ್ಯಾಂಡ್‌ಔಟು, ಹಳೇ ಪ್ರಶ್ನೆಗಳು ಎಂದು ಬೇರೆ ಬೇರೆ ಫೈಲು ಮಾಡುವವರನ್ನು ನೋಡಿದ್ದೇನೆ, ಒಂದು ಸೆಮಿಸ್ಟರ್ ನಾನೂ ಮಾಡಿದ್ದೆ. ಪರೀಕ್ಷೆಯ ಹಿಂದಿನ ರಾತ್ರಿ ಮೂರು ಫೈಲು ಹರಡಿಕೊಂಡು ಒಂದೇ ವಿಷಯ ಹುಡುಕುವ ಪಾಡು ಬೇಡ. ಮೂರನೇ ಮಾಡ್ಯೂಲಿಗೆ ಸಂಬಂಧಪಟ್ಟದ್ದೆಲ್ಲ, ಕೈಬರಹವಿರಲಿ ಜೆರಾಕ್ಸಿರಲಿ, ಒಂದೇ ಕಡೆ ಇರಲಿ. ಡಿವೈಡರ್ ಕೊಳ್ಳಲಿಲ್ಲ. ತುಂಬಿದ ನೋಟ್‌ಬುಕ್ಕುಗಳ ರಟ್ಟು ಕತ್ತರಿಸಿ, ಅಂಚಿಗೆ ಮದುವೆ ಕಾಗದದ ದಪ್ಪ ಹಾಳೆಯ ತುಂಡು ಅಂಟಿಸಿದೆ. ಎರಡನೇ ಮಾಡ್ಯೂಲಿನ ಮೇಲೆ ಯಾರದ್ದೋ ಚಿನ್ನದ ಬಣ್ಣದ ಗಣಪತಿ ಕೂತಿದ್ದ.

ವಾಟ್ಸ್ಆ್ಯಪ್ ಗುಂಪಿಗೆ ಬರುವ ಪಿಡಿಎಫ್‌ಗಳದ್ದು ಬೇರೆಯೇ ಕಿರಿಕಿರಿ. ಎಲ್ಲವನ್ನೂ ಪ್ರಿಂಟ್ ತೆಗೆಸಬಾರದು, ತೆಗೆಸುವುದಾದರೆ ಅಂಗಡಿಯವರಿಗೆ ಎರಡು ಮಾತು ಹೇಳಬೇಕು. ಸ್ಲೈಡಾದರೆ ಪುಟಕ್ಕೆ ಎರಡು. ದುಡ್ಡು ಉಳಿಸಲು ಆರು ಹಾಕಿಸಿದರೆ ಭೂತಕನ್ನಡಿ ಬೇಕು. ಎರಡು ಬದಿಗೆ ತೆಗೆಯುವಾಗ ಉದ್ದದ ಅಂಚಿಗೆ ತಿರುವಿ ಎನ್ನಿ. ಅಡ್ಡ ಅಂಚಿಗೆ ತಿರುವಿದರೆ ಹಿಂಬದಿ ತಲೆಕೆಳಗಾಗುತ್ತದೆ, ಟ್ಯಾಗ್ ಹಾಕಿದ ಮೇಲೆ ಫೈಲನ್ನೇ ಸ್ಟೇರಿಂಗಿನಂತೆ ತಿರುಗಿಸುತ್ತ ಓದಬೇಕು.

ಸ್ಪೈರಲ್ ಬೈಂಡಿಂಗನ್ನು ನಾನು ಒಂದಕ್ಕೆ ಮಾತ್ರ ಉಳಿಸಿಕೊಂಡೆ, ಕೋಡ್ ಪುಸ್ತಕಗಳಿಗೆ, ಅಂದರೆ ಕಟ್ಟಡ ವಿನ್ಯಾಸದ ನಿಯಮ, ಟೇಬಲ್ಲುಗಳಿರುವ ಪುಸ್ತಕಗಳಿಗೆ. ಐದನೇ ಸೆಮಿಸ್ಟರಿನ ಆರ್‌ಸಿಸಿ (ಕಬ್ಬಿಣ ಹಾಕಿದ ಕಾಂಕ್ರೀಟ್) ಡಿಸೈನ್ ಪರೀಕ್ಷೆಗೆ ಐಎಸ್ 456:2000 ಮತ್ತು ಎಸ್‌ಪಿ 16 ಎಂಬ ಕೋಡ್ ಪುಸ್ತಕಗಳನ್ನು ಒಳಗೊಯ್ಯಬಹುದಿತ್ತು, ಆದರೆ ಅವುಗಳಲ್ಲಿ ನಮ್ಮ ಬರಹ ಒಂದಕ್ಷರವೂ ಇರಕೂಡದಿತ್ತು. ನಾನು ಸೆಮಿಸ್ಟರಿಡೀ ಅದೇ ಪ್ರತಿಯಲ್ಲಿ ಓದಿದ್ದೆ. ಷಿಯರ್ ಲೆಕ್ಕಕ್ಕೆ ಬೇಕಾದ 19ನೇ ಟೇಬಲ್ಲು, ಸ್ಲ್ಯಾಬಿನ 26ನೇ ಟೇಬಲ್ಲಿನ ಪಕ್ಕ ಪೆನ್ಸಿಲ್ಲಿನಲ್ಲಿ ಸಣ್ಣ ಸಣ್ಣ ಸೂತ್ರ. ಹಾಲಿನಲ್ಲಿ ಮೇಲ್ವಿಚಾರಕರು ಪುಟ ತಿರುವುತ್ತ 19ಕ್ಕೆ ಬಂದು ನಿಂತರು. ಮುಖ ನೋಡಿದರು. "ಎಲ್ಲ ಉಜ್ಜಿ, ಆಮೇಲೆ ಬರೀರಿ" ಎಂದರು. ಪ್ರಶ್ನೆಪತ್ರಿಕೆ ಮುಂದಿಟ್ಟುಕೊಂಡು ಹತ್ತು ನಿಮಿಷ ರಬ್ಬರ್ ಆಡಿಸಿದ್ದೇನೆ, ಬೆವರಿಗೆ ಹಾಳೆಯೇ ಕಪ್ಪಾಗಿತ್ತು. ಪುಣ್ಯಕ್ಕೆ ಅಷ್ಟಕ್ಕೇ ಮುಗಿಯಿತು. ಮುಂದಿನ ಸೆಮಿಸ್ಟರಿನಿಂದ ಕೋಡಿಗೆ ಎರಡು ಪ್ರತಿ, ಗೀಚಲು ಒಂದು, ಪರೀಕ್ಷೆಗೆ ಒಂದು. ಪರೀಕ್ಷೆಯದ್ದಕ್ಕೆ ಕೆಂಪು ರಟ್ಟು ಹಾಕಿಸಿದ್ದೆ, ಕೈ ತಪ್ಪಿಯೂ ಅದರ ಮೇಲೆ ಪೆನ್ಸಿಲ್ ಇಡಬಾರದೆಂದು.

ಪ್ರಾಕ್ಟಿಕಲ್ ರೆಕಾರ್ಡು, ಇಂಟರ್ನಲ್ಸ್ ಉತ್ತರ ಬರೆಯುವ ಬ್ಲೂ ಬುಕ್ಕುಗಳ ಬಗ್ಗೆ ಹೇಳುವುದೇನಿಲ್ಲ. ಕಾಲೇಜು ಹೇಳಿದ್ದನ್ನೇ ಕೊಳ್ಳಬೇಕು.

ಇನ್ನು ಇಡುವ ಜಾಗ. ನಮ್ಮದು ಮುರಕಲ್ಲಿನ ಗೋಡೆ, ಮಳೆಗಾಲದಲ್ಲಿ ಅಂಗೈ ಇಟ್ಟರೆ ತಣ್ಣಗೆ ಒದ್ದೆ. ಗೋಡೆಗೆ ಒತ್ತಿ ನಿಲ್ಲಿಸಿದ ಫೈಲುಗಳ ಬೆನ್ನಿಗೆ ಮೂರನೇ ವಾರಕ್ಕೆ ಬಿಳಿ ಬೂಷ್ಟು. ನಾಲ್ಕು ಬೆರಳು ಮುಂದೆ ಸರಿಸಿ, ಸಂದಿಯಲ್ಲಿ ನುಸಿಗುಳಿಗೆ ಹಾಕಿದೆ. ಹುಳ ಹೋಯಿತು, ಬೂಷ್ಟು ಜಗ್ಗಲಿಲ್ಲ. ಆಗ ಅಜ್ಜಿ, "ಅಟ್ಟದಲ್ಲಿಡು, ಒಲೆಯ ಬಿಸಿ ತಾಗ್ತದೆ" ಎಂದಳು. ನಗಾಡಿದ್ದೆ, ಆಮೇಲೆ ಇಟ್ಟೆ. ಮುಗಿದ ಸೆಮಿಸ್ಟರುಗಳ ಫೈಲೆಲ್ಲ ಹಳೇ ಸೀರೆಯಲ್ಲಿ ಗಂಟು ಕಟ್ಟಿಕೊಂಡು ಬಾಳಕ ಮೆಣಸಿನ ಡಬ್ಬಿಯ ಪಕ್ಕ ಕೂತವು. ಒಂದು ಹಾಳೆಗೂ ಬೂಷ್ಟು ಬರಲಿಲ್ಲ. ಕೊನೆಯ ವರ್ಷ ಹಳೆಯ ಸ್ಟ್ರೆಂಗ್ತ್ ಆಫ್ ಮೆಟೀರಿಯಲ್ಸ್ ನೋಟ್ಸು ಬೇಕಾಗಿ ಕಾಲೇಜಿಗೆ ಒಯ್ದಿದ್ದೆ. ಪಕ್ಕದಲ್ಲಿ ಕೂತ ಗೆಳತಿ ಮೂಗು ಅರಳಿಸಿ, "ಯಾರ ಡಬ್ಬಿಯಲ್ಲಿ ಸುಟ್ಟ ಹಪ್ಪಳ ಉಂಟು?" ಎಂದು ಕೇಳಿದಳು.

ಆ ಗಂಟು ಈಗಲೂ ಅಟ್ಟದಲ್ಲೇ ಇದೆ. ಹೋದ ವರ್ಷ ನೆರೆಮನೆಯ ಹುಡುಗಿ ಆರ್‌ಸಿಸಿ ನೋಟ್ಸು ಕೇಳಿಕೊಂಡು ಬಂದಾಗ ಏಣಿ ಹಾಕಿ ಇಳಿಸಿದೆ. ಅವಳಿಗೆ ಬೇಕಿದ್ದದ್ದು ಎರಡನೇ ಮತ್ತು ಮೂರನೇ ಮಾಡ್ಯೂಲು ಮಾತ್ರ. ಟ್ಯಾಗಿನ ಗಂಟು ಬಿಚ್ಚಿ ಅಷ್ಟನ್ನೇ ತೆಗೆದುಕೊಟ್ಟು, ಉಳಿದದ್ದನ್ನು ಮತ್ತೆ ಕಟ್ಟಿಟ್ಟೆ. ಗಣಪತಿ ಅವಳ ಜೊತೆ ಹೋಗಿದ್ದಾನೆ, ಇನ್ನೂ ವಾಪಸು ಬಂದಿಲ್ಲ.